ಗಿಡಕ್ಕೆ ಏನೋ ಆಗಿದೆ: ಯಾರನ್ನ ಕೇಳೋದು, ಹೆಂಗೆ ಕೇಳೋದು

ಯಾವ್ದೇ ಕೃಷಿ ವಾಟ್ಸಾಪ್ ಗ್ರೂಪ್ ತೆಗೀರಿ, ಬೆಳಿಗ್ಗೆ ಬೆಳಿಗ್ಗೆನೇ ಒಂದು ಫೋಟೋ ಬಂದಿರುತ್ತೆ, ಬೈಕ್ ಸೀಟ್ ಮೇಲೆ ಇಟ್ಟಿರೋ ಒಂದೇ ಒಂದು ಕಿತ್ತ ಎಲೆ, ಅದೂ ಬ್ಲರ್ರು, ಕೆಳಗೆ "ಇದಕ್ಕೆ ಯಾವ ಔಷಧಿ ಹೊಡಿಬೇಕು ಸಾರ್". ಮಧ್ಯಾಹ್ನದೊಳಗೆ ಹತ್ತು ಜನ ಹತ್ತು ಡಬ್ಬಿ ಫೋಟೋ ಹಾಕಿರ್ತಾರೆ, ಒಬ್ರು ಬೆಳ್ಳುಳ್ಳಿ ಕಷಾಯ ಅಂತಾರೆ, ಇನ್ನೊಬ್ರು ಜೀವಾಮೃತ ಅಂತಾರೆ, ಅದು ಯಾವ ಬೆಳೆ ಎಷ್ಟು ದಿನದ್ದು ಅಂತ ಕೇಳಿದವರು ಒಬ್ರೂ ಇರಲ್ಲ. ಸಂಜೆಗೆ ಆ ಮನುಷ್ಯ ಇದ್ದಿದ್ರಲ್ಲಿ ಮೂರನ್ನ ಮಿಕ್ಸ್ ಮಾಡಿ ಹೊಡೆದಿರ್ತಾನೆ.

ಕರ್ನಾಟಕದಲ್ಲಿ ಫ್ರೀಯಾಗಿ ಸಲಹೆ ಕೊಡೋರಿಗೆ ಬರ ಇಲ್ಲ, ಆದ್ರೆ ಸಲಹೆ ಕೊಡೋರಿಗೆ ನಿಮ್ಮ ಹೊಲ ಕಾಣಲ್ಲ, ನೀವು ಏನು ತೋರಿಸ್ತೀರೋ ಏನು ಹೇಳ್ತೀರೋ ಅಷ್ಟೇ ಕಾಣೋದು. ಹಾಗಾಗಿ ಕೇಳೋಕ್ಕೂ ಮುಂಚೆ ಒಂದು ಅರ್ಧ ಗಂಟೆ ಕೆಲಸ ಇದೆ, ಅದನ್ನ ಮೊದ್ಲು ನೋಡೋಣ. ಮನೆ ಟೆರೇಸ್ ಮೇಲೆ ನಾಲ್ಕು ಕುಂಡ ಇಟ್ಟಿರೋರಿಗೂ ಇದೇ ಲೆಕ್ಕ.

ಮೊದಲು ಎಲೆ ಕೀಳಬೇಡಿ, ದೂರ ನಿಂತು ಇಡೀ ಹೊಲ ನೋಡಿ. ರೋಗ ಒಂದು ಮೂಲೇಲಿ ಇದ್ಯಾ, ನೀರು ನಿಲ್ಲೋ ತಗ್ಗಲ್ಲಿ ಇದ್ಯಾ, ಬದು ಪಕ್ಕದ ಸಾಲಲ್ಲಿ ಮಾತ್ರ ಇದ್ಯಾ, ಇಲ್ಲಾ ಎಲ್ಲಾ ಕಡೆ ಒಂದೇ ಸಮ ಇದ್ಯಾ. ಇಡೀ ಹೊಲ ಒಂದೇ ಸಮ ಹಳದಿ ಆಗಿದ್ರೆ ರೋಗಕ್ಕಿಂತ ಗೊಬ್ಬರದ್ದೋ ನೀರಿಂದೋ ಪ್ರಾಬ್ಲಮ್ ಇರೋ ಚಾನ್ಸ್ ಜಾಸ್ತಿ. ಪಕ್ಕದ ಹೊಲದವರು ಕಳೆನಾಶಕ ಹೊಡೆದ ಮಾರನೇ ವಾರ ನಿಮ್ಮ ಬದುವಿನ ಸಾಲು ಮಾತ್ರ ಮುದುರಿಕೊಂಡಿದ್ರೆ ಅದಕ್ಕೆ ಯಾವ ಶಿಲೀಂಧ್ರನಾಶಕ ಹೊಡೆದ್ರೂ ದುಡ್ಡು ದಂಡ. ಆಮೇಲೆ ಹಳದಿ ಎಲ್ಲಿಂದ ಶುರುವಾಗಿದೆ ನೋಡಿ: ಕೆಳಗಿನ ಹಳೇ ಎಲೆಯಿಂದಾನಾ, ಮೇಲಿನ ಕುಡಿಯಿಂದಾನಾ. ಸಾರಜನಕ ಕಮ್ಮಿ ಆದ್ರೆ ಹಳೇ ಎಲೆ ಮೊದ್ಲು ಹಳದಿ ಆಗುತ್ತೆ, ಕಬ್ಬಿಣದ ಕೊರತೆ ಆದ್ರೆ ಹೊಸ ಎಲೆ ಬೆಳ್ಳಗಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತೆ. ಫೋನಲ್ಲಿ ಇದೊಂದು ಮಾತು ಹೇಳಿದ್ರೆ ಸಾಕು ಆ ಕಡೆಯವರಿಗೆ ಅರ್ಧ ಗೊತ್ತಾಗುತ್ತೆ.

ಮೆಣಸಿನಕಾಯಿಗೆ ಮುಟುರು, ಅಂದ್ರೆ ಎಲೆ ಮುದುರೋ ರೋಗ ಬಂದಿದೆ ಅಂತ ಎಲ್ರೂ ಹೇಳ್ತಾರೆ, ಆದ್ರೆ ಎಲೆ ಮೇಲಕ್ಕೆ ಮಡಚಿದ್ಯಾ ಕೆಳಕ್ಕೆ ಮಡಚಿದ್ಯಾ ಅಂತ ಹೇಳೋರು ಕಮ್ಮಿ. ಥ್ರಿಪ್ಸ್ ಅನ್ನೋ ರಸ ಹೀರೋ ಸಣ್ಣ ಕೀಟ ಆದ್ರೆ ಎಲೆ ಅಂಚು ಮೇಲಕ್ಕೆ ಮಡಚಿಕೊಳ್ಳುತ್ತೆ, ಮೈಟ್ ನುಸಿ ಆದ್ರೆ ಕೆಳಕ್ಕೆ. ಒಂದು ಬಿಳಿ ಹಾಳೆ ಹಿಡಿದು ಅದರ ಮೇಲೆ ಕುಡಿನ ಎರಡು ಸಲ ತಟ್ಟಿ, ಥ್ರಿಪ್ಸ್ ಇದ್ರೆ ಸಣ್ಣ ಕಡ್ಡಿ ಚೂರಿನ ಥರ ಹಳದಿಯೋ ಕಂದೋ ಬಣ್ಣದ್ದು ಹಾಳೆ ಮೇಲೆ ಓಡಾಡುತ್ತೆ. ಮುಟುರು ತರೋ ಮೈಟ್ ಬರೀ ಕಣ್ಣಿಗೆ ಕಾಣೋದು ಕಷ್ಟ, ಲೆನ್ಸ್ ಬೇಕು. ಇದು ಸಣ್ಣ ವಿಷ್ಯ ಅಲ್ಲ, ಮೈಟ್ ಕೀಟದ ಜಾತಿಗೆ ಸೇರಿದ್ದೇ ಅಲ್ಲ, ಕೀಟಕ್ಕೆ ಅಂತ ಇರೋ ಎಷ್ಟೋ ಔಷಧಿ ಅದಕ್ಕೆ ತಟ್ಟೋದೇ ಇಲ್ಲ, ಆಮೇಲೆ "ಔಷಧಿ ಡೂಪ್ಲಿಕೇಟ್" ಅಂತ ಬೈಕೊಂಡು ಓಡಾಡೋದು.

ಟೊಮ್ಯಾಟೊ ಗಿಡ ಹಸಿರಾಗೇ ಇದ್ದು ಇದ್ದಕ್ಕಿದ್ದಂಗೆ ಜೋತು ಬಿದ್ರೆ ಇನ್ನೊಂದು ಟೆಸ್ಟ್ ಇದೆ. ಈಗಷ್ಟೇ ಬಾಡ್ತಿರೋ ಗಿಡ ಕಿತ್ತು ಬುಡದ ಹತ್ರ ಕಾಂಡನ ಓರೆಯಾಗಿ ಕತ್ತರಿಸಿ, ಗಾಜಿನ ಲೋಟದಲ್ಲಿ ತಿಳಿ ನೀರು ತಗೊಂಡು ಕತ್ತರಿಸಿದ ತುದಿ ಮಾತ್ರ ನೀರಲ್ಲಿ ಮುಳುಗೋ ಹಾಗೆ ಅಲ್ಲಾಡಿಸದೆ ಹಿಡೀರಿ. ಕೆಲವು ನಿಮಿಷದಲ್ಲಿ ತುದಿಯಿಂದ ಹಾಲಿನ ಎಳೆ ಥರ ಬೆಳ್ಳಗೆ ಕೆಳಕ್ಕೆ ಇಳಿದ್ರೆ ಅದು ದುಂಡಾಣು ಸೊರಗು ರೋಗ, ಬ್ಯಾಕ್ಟೀರಿಯಾದಿಂದ ಬರೋದು. ಅದು ಬಂದ ಗಿಡ ಉಳಿಯಲ್ಲ, ಕಿತ್ತು ಹೊರಗೆ ಹಾಕಿ, ಮುಂದಿನ ಸಲ ಆ ಜಾಗದಲ್ಲಿ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಹಾಕ್ಬೇಡಿ, ಒಂದೇ ಕುಟುಂಬ ಅವೆಲ್ಲ. ಟೊಮ್ಯಾಟೊನೇ ಹಾಕ್ಬೇಕು ಅಂದ್ರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಥರದ ತಳಿ ನೋಡಿ, ಎಲೆ ಮುಟುರು ವೈರಸ್, ದುಂಡಾಣು ಸೊರಗು, ಅರ್ಲಿ ಬ್ಲೈಟ್ ಅಂಗಮಾರಿ ಮೂರನ್ನೂ ತಡ್ಕೊಳ್ಳಲಿ ಅಂತಲೇ ಮಾಡಿರೋದು.

ಈಗ ಫೋಟೋ. ಒಂದು ಸಾಕಾಗಲ್ಲ, ನಾಲ್ಕು ಬೇಕು: ಇಡೀ ಹೊಲದ್ದು, ಒಂದು ಪೂರ್ತಿ ಗಿಡದ್ದು, ರೋಗ ಬಂದ ಭಾಗದ್ದು, ಎಲೆ ಹಿಂಭಾಗದ್ದು. ಹಿಂಭಾಗದ್ದು ಯಾರೂ ಹಾಕಲ್ಲ, ಬಿಳಿನೊಣ ಜೇಡನುಸಿ ಎಲ್ಲ ಕೂತಿರೋದೇ ಅಲ್ಲಿ. ಬಾಡಿರೋ ಗಿಡ ಆದ್ರೆ ಕಿತ್ತು ಬೇರಿಂದೂ ಒಂದು ತೆಗೀರಿ. ಉರಿಬಿಸಿಲಲ್ಲಿ ಬಣ್ಣ ಸರಿ ಬರಲ್ಲ, ಬೆಳಿಗ್ಗೆ ಹೊತ್ತು ತೆಗೀರಿ, ಪಕ್ಕದಲ್ಲಿ ಒಂದು ಪೆನ್ನೋ ನಾಣ್ಯನೋ ಇಡಿ, ಚುಕ್ಕೆ ಎಷ್ಟು ದೊಡ್ಡದು ಅಂತ ಗೊತ್ತಾಗ್ಲಿ.

ಫೋಟೋ ಜೊತೆ ಮೆಸೇಜ್ ಹಿಂಗಿರಲಿ: "ಹಾವೇರಿ ತಾಲೂಕು, ಎರೆ ಭೂಮಿ, ಬ್ಯಾಡಗಿ ಮೆಣಸಿನಕಾಯಿ, ನಾಟಿ ಮಾಡಿ 50 ದಿನ, ಡ್ರಿಪ್ ಇದೆ, ಹಿಂದಿನ ಬೆಳೆ ಗೋವಿನಜೋಳ, ಒಂದು ವಾರದಿಂದ ಕುಡಿ ಎಲೆ ಮೇಲಕ್ಕೆ ಮಡಚ್ತಿದೆ, ನೂರು ಗಿಡದಲ್ಲಿ ಮೂವತ್ತಕ್ಕೆ ಬಂದಿದೆ, ನಾಲ್ಕು ದಿನದ ಹಿಂದೆ ಇಂಥ ಔಷಧಿ ಲೀಟರಿಗೆ ಇಷ್ಟು ಹೊಡೆದೆ, ಕಮ್ಮಿ ಆಗಿಲ್ಲ." ಕೊನೇದನ್ನ ಮುಚ್ಚಿಡಬೇಡಿ. ಹೊಡೆದಿರೋದನ್ನ ಹೇಳಿದ್ರೆ ಬೈತಾರೆ ಅಂತ ಸುಮಾರು ಜನ ಹೇಳಲ್ಲ, ಆಗ ಅದನ್ನೇ ಮತ್ತೆ ಹೊಡೀರಿ ಅಂತ ಸಲಹೆ ಬರುತ್ತೆ.

ಯಾರನ್ನ ಕೇಳೋದು ಅನ್ನೋದ್ರಲ್ಲೂ ಗೊಂದಲ ಇದೆ. ರಾಗಿ, ಭತ್ತ, ತೊಗರಿ, ಜೋಳ ಕೃಷಿ ಇಲಾಖೆದು, ಹೋಬಳಿ ಮಟ್ಟದಲ್ಲಿ ರೈತ ಸಂಪರ್ಕ ಕೇಂದ್ರ ಇರುತ್ತೆ. ತರಕಾರಿ, ಹಣ್ಣು, ಹೂವು, ಅಡಿಕೆ, ತೆಂಗು ತೋಟಗಾರಿಕೆ ಇಲಾಖೆದು. ಹಿಪ್ಪುನೇರಳೆಗೆ ರೇಷ್ಮೆ ಇಲಾಖೆ, ಕಾಫಿಗೆ ಕಾಫಿ ಬೋರ್ಡ್. ಟೊಮ್ಯಾಟೊ ಎಲೆ ಹಿಡ್ಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ "ಇದು ನಮ್ದಲ್ಲ" ಅನ್ನಿಸಿಕೊಂಡು ಬರೋದು ಮಾಮೂಲಿ ಕಥೆ, ಗಿಡಕ್ಕೆ ಇಲಾಖೆ ಗೊತ್ತಿಲ್ಲ ಪಾಪ. ಎಲ್ಲೂ ಹೋಗಕ್ಕಾಗಲ್ಲ ಅಂದ್ರೆ ಕಿಸಾನ್ ಕಾಲ್ ಸೆಂಟರ್ 1800-180-1551, ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. 2004ರಿಂದ ನಡೀತಿದೆ, ಆದ್ರೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಲ್ಲಿ ಫೋಟೋ ನಡೆಯಲ್ಲ, ಮೇಲೆ ಬರೆದ ಮೆಸೇಜನ್ನೇ ಬಾಯಲ್ಲಿ ಹೇಳಿ.

ನನ್ನ ಕೇಳಿದ್ರೆ ಕಷ್ಟದ ಕೇಸಿಗೆ ಕೆವಿಕೆನೇ ಸರಿ, ಕೃಷಿ ವಿಜ್ಞಾನ ಕೇಂದ್ರ. ದೇಶದ ಮೊದಲನೇದು 1974ರಲ್ಲಿ ಪುದುಚೇರಿಯಲ್ಲಿ ಶುರುವಾಗಿದ್ದು, ಈಗ ನಮ್ಮಲ್ಲಿ ಹೆಚ್ಚು ಕಮ್ಮಿ ಜಿಲ್ಲೆಗೊಂದು ಇದೆ, ಕೆಲವು ಕಡೆ ಎರಡು. ರೋಗಕ್ಕೆ, ಮಣ್ಣಿಗೆ, ತೋಟಗಾರಿಕೆಗೆ ಅಂತ ಬೇರೆ ಬೇರೆ ವಿಜ್ಞಾನಿಗಳು ಇರ್ತಾರೆ, ಆದ್ರೆ ಅವರು ಫೀಲ್ಡಿಗೆ, ಟ್ರೈನಿಂಗಿಗೆ ಹೋಗೋದೇ ಜಾಸ್ತಿ, ಅದಕ್ಕೆ ಫೋನ್ ಮಾಡ್ಕೊಂಡು ಹೋಗಿ. ಗಿಡ ತಗೊಂಡು ಹೋಗುವಾಗ ಪೂರ್ತಿ ಸತ್ತಿರೋದು ಬೇಡ, ಅದರಲ್ಲಿ ಕೊಳೆಸೋ ಬೇರೆ ಶಿಲೀಂಧ್ರ ಸೇರ್ಕೊಂಡಿರುತ್ತೆ, ಅರ್ಧ ರೋಗ ಅರ್ಧ ಚೆನ್ನಾಗಿರೋ ಗಿಡ ಬೇರು ಮಣ್ಣು ಸಮೇತ ತಗೊಳ್ಳಿ, ಜೊತೆಗೆ ಹೋಲಿಸಿ ನೋಡೋಕೆ ಒಂದು ಒಳ್ಳೇ ಗಿಡ. ನ್ಯೂಸ್ ಪೇಪರಲ್ಲಿ ಸುತ್ತಿ. ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಬಿಸಿಲಲ್ಲಿ ಬೈಕಿಗೆ ನೇತು ಹಾಕಿದ್ರೆ ಹೋಗೋಷ್ಟರಲ್ಲಿ ಬೆಂದು ಹೋಗಿರುತ್ತೆ.

ಗೊಬ್ಬರದ ಅಂಗಡಿಯವರನ್ನ ಕೇಳಲೇಬಾರದು ಅಂತ ನಾನು ಹೇಳಲ್ಲ, ಅವರಿಗೆ ಅನುಭವ ಇರುತ್ತೆ, ಸಾಲನೂ ಕೊಡ್ತಾರೆ. ಆದ್ರೆ ರೋಗ ಏನು ಅಂತ ಬೇರೆ ಕಡೆ ತಿಳ್ಕೊಂಡು ಔಷಧಿ ಮಾತ್ರ ಅಂಗಡಿಯಲ್ಲಿ ತಗೊಳ್ಳೋದು ಒಳ್ಳೇದು. ಬಿಲ್ ಕೇಳಿ ಇಸ್ಕೊಳ್ಳಿ. ಡಬ್ಬಿ ಮೇಲೆ ದೊಡ್ಡಕ್ಷರದ ಹೆಸರು ಬಿಟ್ಟು ಕೆಳಗೆ ಸಣ್ಣಕ್ಷರದಲ್ಲಿರೋ ಕಂಟೆಂಟ್, ಅಂದ್ರೆ ಒಳಗಿರೋ ಅಸಲಿ ಔಷಧಿಯ ಹೆಸರು ಓದಿ, ಎರಡು ಬೇರೆ ಬೇರೆ ಬ್ರ್ಯಾಂಡ್ ತಂದು ಒಂದೇ ಕಂಟೆಂಟ್ ಎರಡು ಸಲ ಹೊಡೆಯೋರು ಬೇಕಾದಷ್ಟು ಜನ ಇದ್ದಾರೆ. ಜೊತೆಗೆ ಕೊಡೋ ಮಡಚಿದ ಚೀಟಿಯಲ್ಲಿ ಯಾವ ಬೆಳೆಗೆ, ಎಷ್ಟು, ಹೊಡೆದ ಎಷ್ಟು ದಿನಕ್ಕೆ ಕೊಯ್ಲು ಅಂತ ಇರುತ್ತೆ. ಡಬ್ಬಿ ಮೇಲಿನ ತ್ರಿಕೋನ ಕೆಂಪಿದ್ರೆ ಅತೀ ವಿಷ, ಆಮೇಲೆ ಹಳದಿ, ನೀಲಿ, ಹಸಿರು ಅಂತ ಇಳಿಯುತ್ತೆ. ಹಸಿರಿದೆ ಅಂತ ಬರಿಗೈಯಲ್ಲಿ ಕಲಸೋದು ಬೇಡ.

ಹೊಲದಲ್ಲಿ ವರ್ಷ ವರ್ಷ ಅದೇ ಗೋಳು ಆದ್ರೆ ಮಣ್ಣು ಟೆಸ್ಟ್ ಮಾಡಿಸಿ. ಅಂಕುಡೊಂಕಾಗಿ ನಡ್ಕೊಂಡು ಹತ್ತು ಹದಿನೈದು ಕಡೆ V ಆಕಾರದ ಗುಂಡಿ ತೆಗೀರಿ, ಆರು ಇಂಚು ಆಳ, ಗುಂಡಿಯ ಒಂದು ಬದಿಯಿಂದ ಮೇಲಿಂದ ಕೆಳಗಿನವರೆಗೆ ಒಂದು ಇಂಚು ದಪ್ಪ ಕೆರ್ಕೊಳ್ಳಿ. ಮರದ ಕೆಳಗೆ, ಬದು ಹತ್ರ, ತಿಪ್ಪೆ ಹಾಕಿದ್ದ ಜಾಗದಲ್ಲಿ ಬೇಡ, ಗೊಬ್ಬರ ಹಾಕಿದ ಹೊಸದರಲ್ಲೂ ಬೇಡ. ಎಲ್ಲಾ ಸೇರಿಸಿ ಕಲಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಬಿಸಾಕಿ, ಅರ್ಧ ಕೆಜಿ ಉಳಿಯೋವರೆಗೆ ಹಿಂಗೇ ಮಾಡಿ. ನೆರಳಲ್ಲಿ ಒಣಗಿಸಿ ಬಟ್ಟೆ ಚೀಲದಲ್ಲಿ ಹಾಕಿ, ಯೂರಿಯಾ ಚೀಲದಲ್ಲಿ ತಗೊಂಡು ಹೋದ್ರೆ ರಿಪೋರ್ಟಲ್ಲಿ ನಿಮ್ಮ ಹೊಲ ಬಂಗಾರ ಆಗಿರುತ್ತೆ. ಅಡಿಕೆ, ಮಾವಿನ ತೋಟ ಆದ್ರೆ ಇನ್ನೂ ಆಳದ ಮಣ್ಣು ಬೇಕು, ಎಷ್ಟು ಅಂತ ಕೇಳ್ಕೊಂಡೇ ತೆಗೀರಿ. ರಿಪೋರ್ಟಲ್ಲಿ ಸಾವಯವ ಇಂಗಾಲ (ಕೊಳೆತ ಸೊಪ್ಪು ಸಗಣಿಯಿಂದ ಮಣ್ಣಿಗೆ ಸೇರೋದು) ಶೇಕಡ 0.5ಕ್ಕಿಂತ ಕಮ್ಮಿ ಇದ್ರೆ ಮೊದ್ಲು ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರದ ಯೋಚನೆ ಮಾಡಿ, ಟಾನಿಕ್ ಆಮೇಲೆ. ಬೇಸಿಗೆಯಲ್ಲೇ ಕೊಟ್ಟುಬಿಡಿ, ಮುಂಗಾರು ಶುರುವಾದ್ಮೇಲೆ ಕೊಟ್ರೆ ರಿಪೋರ್ಟ್ ಬರೋ ಹೊತ್ತಿಗೆ ಬಿತ್ತನೆ ಮುಗಿದಿರುತ್ತೆ.

ಕೃಷಿ ಮೇಳಕ್ಕೆ ಹೋದ್ರೂ ಅಷ್ಟೇ, ಧಾರವಾಡ ಆಗಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆಗಲಿ, ಜನ ಎಲ್ಲಾ ಸ್ಟಾಲಲ್ಲಿ ಬ್ಯಾಗು ಕ್ಯಾಲೆಂಡರ್ ಇಸ್ಕೊಳ್ಳೋಕೆ ನಿಂತಿರ್ತಾರೆ, ನೀವು ಬೆಳೆ ಬೆಳೆದು ತೋರಿಸೋ ಪ್ರಾತ್ಯಕ್ಷಿಕೆ ತಾಕಿಗೆ ಹೋಗಿ, ಅಲ್ಲಿ ಪ್ರಶ್ನೆ ಕೇಳೋರಿಗಾಗಿ ಕಾಯ್ತಾ ನಿಂತಿರೋ ವಿಜ್ಞಾನಿ ಸಿಗ್ತಾರೆ.

ಇನ್ನು ಗ್ರೂಪಲ್ಲಿ ಉತ್ತರ ಕೊಡೋರಿಗೆ ಎರಡು ಮಾತು. ಬೆಳೆ, ವಯಸ್ಸು, ಊರು ಗೊತ್ತಾಗದೆ ಔಷಧಿ ಹೆಸರು ಹಾಕ್ಬೇಡಿ, ತಿರುಗಿ ಕೇಳಿ. ಬ್ರ್ಯಾಂಡ್ ಬದಲು ಕಂಟೆಂಟ್ ಬರೀರಿ, ಲೀಟರಿಗೆ ಎಷ್ಟು ಅಂತ ಬರೀರಿ, "ಒಂದು ಮುಚ್ಚಳ" ಅಂದ್ರೆ ಯಾವ ಡಬ್ಬಿ ಮುಚ್ಚಳ ಅಂತ ಯಾರಿಗೆ ಗೊತ್ತು. ನೀವೇ ಮಾಡಿ ನೋಡಿದ್ದಾ, ಇನ್ಯಾರೋ ಫಾರ್ವರ್ಡ್ ಮಾಡಿದ್ದಾ ಅನ್ನೋದನ್ನ ಹೇಳಿ. ಓದೋಕೆ ಕಷ್ಟ ಆಗೋ ಹಿರಿಯರು ಗ್ರೂಪಲ್ಲಿ ಇದ್ರೆ ಅದನ್ನೇ ಒಂದು ವಾಯ್ಸ್ ಮೆಸೇಜ್ ಮಾಡಿ ಹಾಕಿ. ಆಮೇಲೆ ಪ್ರಶ್ನೆ ಕೇಳಿದವರು ಹದಿನೈದು ದಿನ ಬಿಟ್ಟು ಅದೇ ಗಿಡದ ಫೋಟೋ ಇನ್ನೊಂದ್ಸಲ ಹಾಕಿ, ವಾಸಿ ಆಗಿದ್ರೂ ಸರಿ ಆಗದೇ ಇದ್ರೂ ಸರಿ.