ಕಮಲ ಪಾಸ್, ಕಮಲಾ ಫೇಲ್: ಕನ್ನಡದಲ್ಲಿ ನಡೆಯುವ ಸಾಫ್ಟ್‌ವೇರ್ ಟೆಸ್ಟ್ ಮಾಡಿದ ನನ್ನ ಅನುಭವ

ಸಹಕಾರ ಸಂಘಗಳ ಸದಸ್ಯರ ಲೆಕ್ಕ, ರಸೀದಿ, ಮೆಸೇಜ್ ಎಲ್ಲವನ್ನೂ ನೋಡಿಕೊಳ್ಳುವ ಒಂದು ಸಾಫ್ಟ್‌ವೇರ್ ಇದೆ. ಅದರ ಟೆಸ್ಟಿಂಗ್ ನನ್ನ ಕೆಲಸ. ನಾನು ಕೂರುವುದು ಬೆಂಗಳೂರಿನಲ್ಲಿ, ಬಳಸುವವರು ಹಳ್ಳಿಗಳ ಸಂಘದ ಕಾರ್ಯದರ್ಶಿಗಳು, ಗುಮಾಸ್ತರು. ಹೆಸರು, ಊರು, ಷರಾ ಎಲ್ಲ ಕನ್ನಡದಲ್ಲೇ ಟೈಪ್ ಆಗುತ್ತದೆ. ಈ ಕೆಲಸಕ್ಕೆ ಸೇರಿದಾಗ ಟೆಸ್ಟ್ ಕೇಸುಗಳ ಪಟ್ಟಿಯಲ್ಲಿ ಕನ್ನಡಕ್ಕೆ ಅಂತ ಇದ್ದದ್ದು ಒಂದೇ ಸಾಲು: ಕನ್ನಡದಲ್ಲಿ ಟೈಪ್ ಮಾಡಿದರೆ ಸರಿಯಾಗಿ ಕಾಣಬೇಕು. ಕಾಣುತ್ತಿತ್ತು ಕೂಡ. ತೊಂದರೆ ಇದ್ದದ್ದು ಕಾಣದ ಕಡೆ. ಹುಡುಕುವಾಗ, ಹೋಲಿಸುವಾಗ, ಕತ್ತರಿಸುವಾಗ, ವಿಂಗಡಿಸುವಾಗ, ಪ್ರಿಂಟ್ ಆಗುವಾಗ. ಅದನ್ನೆಲ್ಲ ಹೇಗೆ ಹಿಡಿದೆ ಅಂತ ಬರೆಯುತ್ತೇನೆ, ಇಂಥ ಕೆಲಸ ಮಾಡುವವರಿಗೆ ಉಪಯೋಗಕ್ಕೆ ಬರಬಹುದು.

ಮೊದಲು ಸಿಕ್ಕಿದ್ದು ಹೆಸರಿನ ಕಾಲಂ. 'ಕಮಲ' ಅಂತ ಕೊಟ್ಟರೆ ತೆಗೆದುಕೊಳ್ಳುತ್ತದೆ, 'ಕಮಲಾ' ಅಂದರೆ 'ಅಕ್ಷರಗಳನ್ನು ಮಾತ್ರ ಬಳಸಿ' ಎಂದು ಕೆಂಪು ಗೆರೆ ತೋರಿಸುತ್ತದೆ. ಕಾರಣ ಸರಳ. ಎಲ್ಲ ಲಿಪಿಗಳಿಗೂ ಕಂಪ್ಯೂಟರ್ ಬಳಸುವ ಸಂಕೇತಗಳ ಪಟ್ಟಿಗೆ ಯೂನಿಕೋಡ್ ಎನ್ನುತ್ತಾರೆ, ಅದರ ಒಂದೊಂದು ಸಂಕೇತವೂ ಒಂದು ಕೋಡ್ ಪಾಯಿಂಟ್. ಯೂನಿಕೋಡ್‌ನಲ್ಲಿ ಕ, ಮ, ಲ ಇವು 'ಅಕ್ಷರ' ಎಂಬ ವರ್ಗಕ್ಕೆ ಸೇರಿವೆ. ಆದರೆ ದೀರ್ಘ, ಗುಡಿಸು, ಕೊಂಬು, ಸೊನ್ನೆ, ವಿರಾಮ (ಕ ಅನ್ನು ಕ್ ಎಂದು ಅರ್ಧಾಕ್ಷರ ಮಾಡುವ ಗುರುತು) ಇವೆಲ್ಲ 'ಚಿಹ್ನೆ' ಎಂಬ ಬೇರೆ ವರ್ಗ. ಕೋಡ್ ಬರೆದವರು ಅಕ್ಷರದ ವರ್ಗವನ್ನು ಮಾತ್ರ ಒಪ್ಪಿಕೊಂಡಿದ್ದರು. ಇಂಗ್ಲಿಷ್ ಹೆಸರಿಗೆ ಅದು ಸಾಕು, ಕನ್ನಡಕ್ಕೆ ಸಾಲದು. ಚಿಹ್ನೆಯ ವರ್ಗವನ್ನೂ ಸೇರಿಸಿದರು, ಕಮಲಾ ಒಳಗೆ ಬಂದಳು, ಆದರೆ 'ರಾಜ್‌ಕುಮಾರ್' ಇನ್ನೂ ಹೊರಗೇ ಉಳಿದ. ಯಾಕೆಂದರೆ ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಕೋಡ್ ಪಾಯಿಂಟ್ ಇದೆ, ಝೀರೋ ವಿಡ್ತ್ ನಾನ್ ಜಾಯ್ನರ್ ಅನ್ನುತ್ತಾರೆ. ಅದು ಇಲ್ಲದಿದ್ದರೆ ಹೆಸರು 'ರಾಜ್ಕುಮಾರ್' ಎಂದು ಒತ್ತಕ್ಷರವಾಗಿ ಬಿಡುತ್ತದೆ. ಇದು ಅಕ್ಷರವೂ ಅಲ್ಲ, ಚಿಹ್ನೆಯೂ ಅಲ್ಲ, ಮೂರನೇ ವರ್ಗ. ಹಾಗಾಗಿ ಅದಕ್ಕೂ ಪ್ರತ್ಯೇಕವಾಗಿ ಬಾಗಿಲು ತೆಗೆಸಬೇಕಾಯಿತು.

ಇದರಿಂದ ನನಗೆ ಒಂದು ವಿಷಯ ಗಟ್ಟಿಯಾಯಿತು. ಕನ್ನಡದ ಟೆಸ್ಟಿಂಗ್‌ನಲ್ಲಿ ಟೂಲ್‌ಗಿಂತ ಮುಖ್ಯವಾದದ್ದು ಟೆಸ್ಟ್ ಡೇಟಾ, ಅಂದರೆ ನೀವು ಯಾವ ಹೆಸರುಗಳನ್ನು ಹಾಕಿ ನೋಡುತ್ತೀರಿ ಅನ್ನುವುದು. ಸುಮ್ನೆ 'ಟೆಸ್ಟ್1', 'ಕನ್ನಡ', 'ರಮ' ಅಂತ ಹಾಕಿದರೆ ಏನೂ ಸಿಗಲ್ಲ. ಹಾಗಾಗಿ ನಾನು ಒಂದು ಹೆಸರಿನ ಹಾಳೆ ಮಾಡಿದೆ. ಅದರಲ್ಲಿರುವ ಪ್ರತಿ ಹೆಸರಿಗೂ ಒಂದು ಕೆಲಸ ಇದೆ.

ಆ ಹಾಳೆಯಲ್ಲಿ ನನಗೆ ಅತಿ ಹೆಚ್ಚು ದುಡಿದುಕೊಟ್ಟ ಹೆಸರು ಲಕ್ಷ್ಮೀನರಸಿಂಹಮೂರ್ತಿ. ಓದುವವರಿಗೆ ಇದು 8 ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ 19 ಕೋಡ್ ಪಾಯಿಂಟ್. ಯೂನಿಕೋಡನ್ನು ಬೈಟ್ ರೂಪದಲ್ಲಿ ಉಳಿಸುವ ಯುಟಿಎಫ್-8 ಎಂಬ ವಿಧಾನದಲ್ಲಿ ಉಳಿಸಿದರೆ ಕನ್ನಡದ ಪ್ರತಿ ಕೋಡ್ ಪಾಯಿಂಟ್‌ಗೂ 3 ಬೈಟ್, ಅಲ್ಲಿಗೆ 57 ಬೈಟ್. ಇದೇ ಹೆಸರನ್ನು ಇಂಗ್ಲಿಷ್‌ನಲ್ಲಿ ಬರೆದರೆ 22 ಬೈಟ್‌ನಲ್ಲಿ ಮುಗಿಯುತ್ತದೆ. ಈಗ ಹೆಸರಿನ ಕಾಲಂ ಅಗಲ 50 ಅಂತ ಇಟ್ಟುಕೊಳ್ಳಿ. ಆ 50 ಅಕ್ಷರವೋ, ಕೋಡ್ ಪಾಯಿಂಟೋ, ಬೈಟೋ? ಡೇಟಾಬೇಸ್‌ನಿಂದ ಡೇಟಾಬೇಸ್‌ಗೆ, ಸೆಟ್ಟಿಂಗ್‌ನಿಂದ ಸೆಟ್ಟಿಂಗ್‌ಗೆ ಇದು ಬೇರೆ. ನಮ್ಮಲ್ಲಿ ಹಳೆಯ ಒಂದು ಭಾಗ ಬೈಟ್ ಲೆಕ್ಕದಲ್ಲಿ ಕತ್ತರಿಸುತ್ತಿತ್ತು. 50 ಬೈಟ್‌ಗೆ 16 ಕೋಡ್ ಪಾಯಿಂಟ್ ಪೂರ್ತಿ ಹಿಡಿಯುತ್ತವೆ, 17ನೆಯದರ ಎರಡು ಬೈಟ್ ಮಾತ್ರ ಉಳಿಯುತ್ತವೆ. ಪರದೆಯ ಮೇಲೆ 'ಲಕ್ಷ್ಮೀನರಸಿಂಹಮೂರ' ಎಂದು ಬಂದು ಪಕ್ಕದಲ್ಲಿ ಕಪ್ಪು ವಜ್ರಾಕಾರದೊಳಗೆ ಪ್ರಶ್ನಾರ್ಥಕ ಚಿಹ್ನೆ. ಪಾಸ್‌ಬುಕ್‌ನಲ್ಲಿ ಒಬ್ಬರ ಹೆಸರು ಹೀಗೆ ಬಂದರೆ ಹೇಗಿರುತ್ತದೆ ಹೇಳಿ. ಅದು ಅವರ ಹೆಸರು, ಅವರ ದುಡ್ಡಿನ ದಾಖಲೆ.

ಬೈಟ್ ಬಿಟ್ಟು ಕೋಡ್ ಪಾಯಿಂಟ್ ಲೆಕ್ಕದಲ್ಲಿ ಕತ್ತರಿಸಿದರೂ ತೊಂದರೆ ಪೂರ್ತಿ ಹೋಗುವುದಿಲ್ಲ. 17ಕ್ಕೆ ಕತ್ತರಿಸಿದರೆ 'ಮೂರ್' ಎಂದು ನಿಲ್ಲುತ್ತದೆ. ಒತ್ತಕ್ಷರದ ನಡುವೆ ಕತ್ತರಿ ಬಿದ್ದಿದೆ. ಅಕ್ಷರದ ಗಡಿ ನೋಡಿ ಕತ್ತರಿಸುವ ಲೈಬ್ರರಿಗಳು ಇವೆ, ಆದರೆ ಅವನ್ನೂ ಕುರುಡಾಗಿ ನಂಬಬೇಡಿ. ನಾವು ಬಳಸಿದ್ದು 'ಸ್ತ್ರೀ' ಅನ್ನು ಒಂದು ಅಕ್ಷರ ಎನ್ನದೆ ಮೂರು ತುಂಡು ಎನ್ನುತ್ತಿತ್ತು, ಪ್ರತಿ ವಿರಾಮದ ನಂತರವೂ ಅದಕ್ಕೆ ಒಂದು ಗಡಿ. ಕೊನೆಗೆ ವಿರಾಮ ಚಿಹ್ನೆಯ ನಂತರ ವ್ಯಂಜನ ಬಂದರೆ ಅಲ್ಲಿ ಕತ್ತರಿಸಕೂಡದು ಎಂದು ನಮ್ಮದೇ ನಿಯಮ ಸೇರಿಸಿದರು. ನನ್ನ ಅಭಿಪ್ರಾಯ ಕೇಳಿದರೆ, ಹೆಸರನ್ನು ಕತ್ತರಿಸಲೇಬಾರದು, ಎರಡನೇ ಸಾಲಿಗೆ ಇಳಿಸಬೇಕು. ಪಾಸ್‌ಬುಕ್‌ನಲ್ಲಿ ಈಗ ಹಾಗೇ ಮಾಡಿದ್ದೇವೆ.

ಎಲ್ಲಕ್ಕಿಂತ ಜಾಸ್ತಿ ಸಮಯ ತಿಂದದ್ದು ಹುಡುಕಾಟ. ಒಂದು ಸಂಘದಿಂದ ದೂರು ಬಂತು: ಸುರೇಶ್ ಎಂಬ ಸದಸ್ಯರು ಪಟ್ಟಿಯಲ್ಲಿ ಎರಡು ಸಲ ಇದ್ದಾರೆ, ಹುಡುಕಿದರೆ ಒಬ್ಬರೇ ಸಿಗುತ್ತಾರೆ. ಪರದೆಯಲ್ಲಿ ಎರಡೂ ಹೆಸರು ಒಂದೇ ಥರ. ಕೋಡ್ ಪಾಯಿಂಟ್ ಬಿಡಿಸಿ ನೋಡಿದರೆ, ಒಂದರ ಕೊನೆಯಲ್ಲಿ ಶ್ ಆದಮೇಲೆ ಆ ಕಾಣದ ನಾನ್ ಜಾಯ್ನರ್ ಕೂತಿದೆ. ಕೆಲವು ಕೀಬೋರ್ಡುಗಳು ಪದದ ಕೊನೆಯ ಅರ್ಧಾಕ್ಷರಕ್ಕೆ ಅದನ್ನು ತಾವೇ ಸೇರಿಸುತ್ತವೆ. ಹಿಂದೆ ಮುಂದೆ ಇರುವ ಖಾಲಿ ಜಾಗ ತೆಗೆಯುವ ಟ್ರಿಮ್ ಫಂಕ್ಷನ್ ಇದನ್ನು ಮುಟ್ಟುವುದಿಲ್ಲ, ಯಾಕೆಂದರೆ ಇದು ಖಾಲಿ ಜಾಗವಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಮಾಮೂಲಿ ಸೆಟ್ಟಿಂಗ್‌ನಲ್ಲಿ ಎರಡು ಪದ ಬೈಟ್‌ಗೆ ಬೈಟ್ ಹೊಂದಿದರೆ ಮಾತ್ರ ಒಂದೇ ಎನ್ನುತ್ತದೆ. ಅದರ ದೃಷ್ಟಿಯಲ್ಲಿ ಇವರು ಇಬ್ಬರು ಸುರೇಶರು.

ಒಂದು ಸಿಕ್ಕಿದ ಮೇಲೆ ಅದೇ ಜಾತಿಯವನ್ನು ಹುಡುಕಿಕೊಂಡು ಹೋದೆ, ಸಾಲಾಗಿ ಸಿಕ್ಕವು. 'ಸೂರ್ಯ' ಮತ್ತು 'ಸೂರ‍್ಯ', ಮೊದಲನೆಯದರಲ್ಲಿ ಅರ್ಕಾವತ್ತು, ಎರಡನೆಯದರಲ್ಲಿ ರ ಕೆಳಗೆ ಯ ಒತ್ತು. ಜನ ಎರಡೂ ಥರ ಬರೆಯುತ್ತಾರೆ, ಎರಡನೆಯದಕ್ಕೆ ನಡುವೆ ಝೀರೋ ವಿಡ್ತ್ ಜಾಯ್ನರ್ ಎಂಬ ಇನ್ನೊಂದು ಕಾಣದ ಕೋಡ್ ಪಾಯಿಂಟ್ ಬೇಕು. 'ಕೊ' ಅನ್ನುವುದನ್ನು ಒಂದೇ ಒಕಾರದ ಚಿಹ್ನೆಯಿಂದಲೂ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಒಂದರ ಪಕ್ಕ ಒಂದಿಟ್ಟೂ ಬರೆಯಬಹುದು, ಕಾಣುವುದು ಒಂದೇ ಥರ. ಇನ್ನು 'ಬೆಂಗಳೂರು' ಮತ್ತು 'ಬೆ೦ಗಳೂರು' ನೋಡಿ. ಎರಡನೆಯದರಲ್ಲಿ ಇರುವುದು ಅನುಸ್ವಾರ ಅಲ್ಲ, ಕನ್ನಡದ ಅಂಕಿ ಸೊನ್ನೆ. ಇದು ಹಳೆಯ ದಾಖಲೆಗಳಲ್ಲಿ ತುಂಬಾ ಇದೆ, ಇಂಟರ್ನೆಟ್‌ನಲ್ಲಿ ಹುಡುಕಿದರೂ ಬೇಕಾದಷ್ಟು ಸಿಗುತ್ತದೆ.

ಡೆವಲಪರ್‌ಗಳಲ್ಲಿ ಒಬ್ಬರು ಕಾಣದ ಕೋಡ್ ಪಾಯಿಂಟ್‌ಗಳನ್ನೆಲ್ಲ ಉಳಿಸುವಾಗಲೇ ಕಿತ್ತುಹಾಕೋಣ ಅಂದರು. ನಾನು ಒಪ್ಪಲಿಲ್ಲ. ಕಿತ್ತುಹಾಕಿದರೆ ರಾಜ್‌ಕುಮಾರ್ ಹೋಗಿ ರಾಜ್ಕುಮಾರ್ ಆಗುತ್ತಾನೆ, ಸದಸ್ಯ ಬರೆದ ಹೆಸರನ್ನು ನಾವು ಬದಲಾಯಿಸಿದ ಹಾಗೆ. ಕೊನೆಗೆ ಎರಡು ಕಾಲಂ ಇಟ್ಟೆವು. ಒಂದರಲ್ಲಿ ಹೆಸರು ಬರೆದ ಹಾಗೇ ಇರುತ್ತದೆ, ಕಾಣಿಸುವುದು, ಪ್ರಿಂಟ್ ಆಗುವುದು ಅದೇ. ಇನ್ನೊಂದು ಹುಡುಕಲು ಮಾತ್ರ. ಅದರಲ್ಲಿ ಜಾಯ್ನರ್, ನಾನ್ ಜಾಯ್ನರ್ ತೆಗೆದು, ಬಿಡಿಬಿಡಿಯಾದ ಸ್ವರಚಿಹ್ನೆಗಳನ್ನು ಎನ್‌ಎಫ್‌ಸಿ ಎಂಬ ಯೂನಿಕೋಡ್ ನಾರ್ಮಲೈಸೇಷನ್ ಮೂಲಕ ಕೂಡಿಸಿ, ಅಕ್ಷರಗಳ ನಡುವೆ ಸಿಕ್ಕಿಕೊಂಡ ಅಂಕಿ ಸೊನ್ನೆಯನ್ನು ಅನುಸ್ವಾರ ಮಾಡಿ ಇಡುತ್ತೇವೆ. ಹುಡುಕುವವರು ಟೈಪ್ ಮಾಡಿದ್ದಕ್ಕೂ ಇದೇ ಸಂಸ್ಕಾರ. ಇದನ್ನು ಟೆಸ್ಟ್ ಮಾಡುವಾಗ ಎರಡೂ ದಿಕ್ಕಿನಲ್ಲಿ ನೋಡಬೇಕು: ಒಂದೇ ಆಗಬೇಕಾದವು ಒಂದಾದವಾ, ಬೇರೆ ಇರಬೇಕಾದವು ಬೇರೆಯೇ ಉಳಿದವಾ. ಎರಡನೆಯದನ್ನು ಎಷ್ಟೋ ಜನ ಮರೆಯುತ್ತಾರೆ.

ಅಂಕಿಗಳದ್ದು ಚಿಕ್ಕ ವಿಷಯ, ಆದರೆ ಹೇಳಿಬಿಡುತ್ತೇನೆ. ಮೊತ್ತದ ಕಾಲಂನಲ್ಲಿ ೫೦೦ ಅಂತ ಕನ್ನಡ ಅಂಕಿ ಕೊಟ್ಟರೆ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಅದನ್ನು ಸಂಖ್ಯೆ ಎಂದೇ ಒಪ್ಪುವುದಿಲ್ಲ, ಪೈಥಾನ್ ಎಂಬ ಇನ್ನೊಂದು ಭಾಷೆ 500 ಎಂದು ಸರಿಯಾಗಿ ಓದಿಕೊಳ್ಳುತ್ತದೆ. ನಮ್ಮ ಪರದೆಯ ಭಾಗ ಒಂದರಲ್ಲಿ, ಸರ್ವರ್ ಇನ್ನೊಂದರಲ್ಲಿ. ಹಾಗಾಗಿ ಟೈಪ್ ಮಾಡಿದರೆ ಬೇಡ ಅನ್ನುವ ಅಂಕಿಯೇ ಫೈಲ್ ಅಪ್‌ಲೋಡ್ ಮಾಡಿದರೆ ಒಳಗೆ ಹೋಗುತ್ತಿತ್ತು.

ಹಳೆಯ ದಾಖಲೆ ಅಂದೆನಲ್ಲ, ಅದಕ್ಕೆ ಬರುತ್ತೇನೆ. ಸಂಘಗಳ ಹಳೆಯ ಸದಸ್ಯರ ಪಟ್ಟಿ ಬಹಳ ಕಡೆ 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ, ಯೂನಿಕೋಡ್‌ಗೆ ಮುಂಚಿನ ರೂಪದಲ್ಲಿ ಇದೆ. ಅಲ್ಲಿ ಉಳಿದಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ, ಫಾಂಟ್ ಅದನ್ನು ಕನ್ನಡವಾಗಿ ತೋರಿಸುತ್ತದೆ, ಅಷ್ಟೇ. ಇದನ್ನು ಯೂನಿಕೋಡ್‌ಗೆ ಪರಿವರ್ತಿಸುವಾಗ ಎರಡು ಕಡೆ ಗಮನ ಇರಲಿ. ಆ ಫಾಂಟ್‌ಗಳಲ್ಲಿ 'ಮ' ಎಂಬುದು 'ವ'ದ ತುಂಡಿಗೆ ಕೊಂಬಿನ ತುಂಡು ಸೇರಿ ಆಗುತ್ತದೆ. ಪರಿವರ್ತಕ ಸರಿ ಇಲ್ಲದಿದ್ದರೆ ಅದನ್ನು 'ವು' ಎಂದು ಓದುತ್ತದೆ, ಮಮತಾ ಹೋಗಿ ವುವುತಾ ಬರುತ್ತಾಳೆ. ಇನ್ನೊಂದು ಅರ್ಕಾವತ್ತು. ಹಳೆಯ ಫಾಂಟ್‌ನಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲಿ ಮೊದಲೇ ಬರಬೇಕು. 'ಮೂರ್ತಿ', 'ಕೀರ್ತಿ', 'ಪಾರ್ವತಿ', 'ಅರ್ಚನಾ' ಈ ನಾಲ್ಕು ಸರಿಯಾಗಿ ಬಂದರೆ ಅರ್ಧ ಧೈರ್ಯ ಬರುತ್ತದೆ. ಪರಿವರ್ತನೆ ಆದಮೇಲೆ ನಾನು ಸಾಲು ಎಣಿಸಿ ಬಿಡಲಿಲ್ಲ. ಕನ್ನಡದಲ್ಲಿ ಬರಲು ಸಾಧ್ಯವೇ ಇಲ್ಲದ ಜೋಡಿಗಳನ್ನು, ಅಂದರೆ ಕೂಡಿ ಒಂದಾಗದ ಎರಡು ಸ್ವರಚಿಹ್ನೆ ಒಟ್ಟಿಗೆ, ಸ್ವರದ ಮೇಲೆ ವಿರಾಮ, ಚಿಹ್ನೆಯಿಂದಲೇ ಶುರುವಾಗುವ ಪದ, ಇವನ್ನು ಹುಡುಕುವ ಸ್ಕ್ರಿಪ್ಟ್ ಬರೆದು ಇಡೀ ಪಟ್ಟಿಯ ಮೇಲೆ ಓಡಿಸಿದೆ. 'ವುವುತಾ' ಥರದ್ದನ್ನು ಸ್ಕ್ರಿಪ್ಟ್ ಹಿಡಿಯುವುದಿಲ್ಲ, ಅದಕ್ಕೆ ಕಾರ್ಯದರ್ಶಿಗಳೇ ಕೂತು ಓದಬೇಕು. ಅವರಿಗೆ ಊರಿನ ಪ್ರತಿ ಹೆಸರೂ ಗೊತ್ತು, ನನಗಿಂತ ಚೆನ್ನಾಗಿ ಟೆಸ್ಟ್ ಮಾಡಿದರು.

ವಿಂಗಡಣೆಯ ವಿಷಯ. ಕನ್ನಡ ವರ್ಣಮಾಲೆಯಲ್ಲಿ ಳ ಬರುವುದು ಹ ಆದಮೇಲೆ. ಯೂನಿಕೋಡ್ ಕ್ರಮದಲ್ಲಿ ಳ ಇರುವುದು ಲ ಆದ ತಕ್ಷಣ, ವ ಗಿಂತ ಮುಂಚೆ. ಹಾಗಾಗಿ ಸುಮ್ನೆ ಕೋಡ್ ಪಾಯಿಂಟ್ ನೋಡಿ ವಿಂಗಡಿಸಿದರೆ ಬಳ್ಳಾರಿ ಮೊದಲು, ಬಸವಕಲ್ಯಾಣ ಆಮೇಲೆ. ಮಳವಳ್ಳಿ ಮೊದಲು, ಮಸ್ಕಿ ಆಮೇಲೆ. ನಿಘಂಟು ನೋಡಿ ಅಭ್ಯಾಸ ಇರುವವರಿಗೆ ಎರಡೂ ತಲೆಕೆಳಗು. ತಾಲ್ಲೂಕುಗಳ ಪಟ್ಟಿಯನ್ನು ಕೈಯಲ್ಲೇ ಸರಿಯಾದ ಕ್ರಮದಲ್ಲಿ ಬರೆದು, ಅದನ್ನೇ ಉತ್ತರ ಎಂದು ಇಟ್ಟುಕೊಂಡು ಹೋಲಿಸಿದೆ.

ಎಸ್‌ಎಂಎಸ್‌ನಲ್ಲಿ ಹಣದ ಲೆಕ್ಕವೇ ಬರುತ್ತದೆ. ಇಂಗ್ಲಿಷ್ ಮೆಸೇಜ್‌ಗೆ 160 ಅಕ್ಷರ, ಯೂನಿಕೋಡ್ ಮೆಸೇಜ್‌ಗೆ 70 ಮಾತ್ರ, ಅದನ್ನು ದಾಟಿದರೆ ಪ್ರತಿ ತುಂಡಿಗೆ 67. ಇಲ್ಲಿ ಎಣಿಸುವುದು ಕೋಡ್ ಪಾಯಿಂಟ್, ಕಾಣದ ನಾನ್ ಜಾಯ್ನರ್‌ಗೂ ಒಂದು ಜಾಗ. ನಮ್ಮ ಲಕ್ಷ್ಮೀನರಸಿಂಹಮೂರ್ತಿಯವರ ಹೆಸರಿಗೇ 70ರಲ್ಲಿ 19 ಹೋಗುತ್ತದೆ. ಒಂದು ಮೆಸೇಜ್ ಎಂದು ಲೆಕ್ಕ ಹಾಕಿದ್ದು ಎರಡಾಗಿ ಬಿಲ್ ಆದರೆ ಸಂಘ ಕೇಳುತ್ತದೆ. ಅದಕ್ಕೇ ಪ್ರತಿ ಟೆಂಪ್ಲೇಟನ್ನೂ ಅತಿ ಉದ್ದದ ಹೆಸರು, ಅತಿ ದೊಡ್ಡ ಮೊತ್ತ ಹಾಕಿ ಎಣಿಸುತ್ತೇನೆ.

ರಸೀದಿ ಪ್ರಿಂಟರ್ 58 ಮಿಲಿಮೀಟರ್ ಕಾಗದದ್ದು. ಅದರೊಳಗೆ ಕನ್ನಡ ಫಾಂಟ್ ಇರಲಿಲ್ಲ, ಹಾಗಾಗಿ ಇಡೀ ರಸೀದಿಯನ್ನು ಚಿತ್ರ ಮಾಡಿ ಕಳಿಸಬೇಕಾಯಿತು, ಅಡ್ಡಕ್ಕೆ 384 ಚುಕ್ಕೆ. ಚಿತ್ರದಲ್ಲಿ ಸಾಲಿನ ಎತ್ತರವನ್ನು ಇಂಗ್ಲಿಷ್ ನೋಡಿ ಇಟ್ಟಿದ್ದರು. 'ರಾಷ್ಟ್ರೀಯ' ಪದದ ಒತ್ತುಗಳು ಕೆಳಗಿನ ಸಾಲಿನೊಳಗೆ ನುಗ್ಗುತ್ತಿದ್ದವು. ಪಿಡಿಎಫ್‌ನಲ್ಲಿ ಇನ್ನೊಂದು ಥರ: ಲೈಬ್ರರಿಗೆ ಒತ್ತಕ್ಷರ ಜೋಡಿಸುವ ವಿದ್ಯೆಯೇ ಗೊತ್ತಿರಲಿಲ್ಲ, ಕ್ಷ ಎನ್ನುವುದು ಕ, ವಿರಾಮ, ಷ ಎಂದು ಬಿಡಿಯಾಗಿ ಬರುತ್ತಿತ್ತು. ಪರದೆಯಲ್ಲಿ ಬ್ರೌಸರ್ ಈ ಕೆಲಸ ತಾನೇ ಮಾಡಿಕೊಡುತ್ತದೆ, ಹಾಗಾಗಿ ಪರದೆ ನೋಡಿ ಪಿಡಿಎಫ್ ಕೂಡ ಸರಿ ಇದೆ ಎಂದುಕೊಳ್ಳಬಾರದು. ಕಾಗದವನ್ನು ಕೈಯಲ್ಲಿ ಹಿಡಿದೇ ನೋಡಬೇಕು.

ಟೆಸ್ಟುಗಳನ್ನು ಕಂಪ್ಯೂಟರೇ ಓಡಿಸುವ ಆಟೊಮೇಷನ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಇದೆ, ಹೆಸರಿನ ಹಾಳೆ ಪೂರ್ತಿ ಪ್ರತಿ ರಾತ್ರಿ ಓಡುತ್ತದೆ. ಆದರೆ ಬ್ರೌಸರನ್ನು ತಾವೇ ನಡೆಸುವ ಸೆಲೆನಿಯಂ ಥರದ ಟೂಲ್‌ಗಳು ಕನ್ನಡವನ್ನು ಕೀಲಿ ಒತ್ತಿ ಟೈಪ್ ಮಾಡುವುದಿಲ್ಲ, ಕೋಡ್ ಪಾಯಿಂಟ್‌ಗಳನ್ನೇ ನೇರವಾಗಿ ಪೆಟ್ಟಿಗೆಗೆ ಹಾಕುತ್ತವೆ. ಸುರೇಶ್ ಎರಡಾದ ತೊಂದರೆ ಹುಟ್ಟಿದ್ದು ಕೀಬೋರ್ಡ್‌ನಲ್ಲಿ, ಅಲ್ಲಿಗೆ ಈ ಟೂಲ್ ಹೋಗುವುದೇ ಇಲ್ಲ ಅಲ್ವಾ. ಹಾಗಾಗಿ ಪ್ರತಿ ಬಿಡುಗಡೆಗೆ ಮುಂಚೆ ನುಡಿ ಲೇಔಟ್ (ಕೀಲಿಗಳ ಜೋಡಣೆ), ಭಾರತೀಯ ಭಾಷೆಗಳ ಪ್ರಮಾಣಿತ ಜೋಡಣೆಯಾದ ಇನ್‌ಸ್ಕ್ರಿಪ್ಟ್, ಫೋನ್‌ನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವ ಕೀಬೋರ್ಡ್, ಈ ಮೂರರಲ್ಲೂ ಅದೇ ಹೆಸರುಗಳನ್ನು ಕೈಯಿಂದ ಟೈಪ್ ಮಾಡಿ, ಡೇಟಾಬೇಸ್‌ನಲ್ಲಿ ಏನು ಬಂದು ಕೂತಿದೆ ಎಂದು ಬಿಡಿಸಿ ನೋಡುತ್ತೇನೆ. ಇದಕ್ಕೆ ಸಮಯ ಹಿಡಿಯುತ್ತದೆ, ಬಿಡುಗಡೆ ಅವಸರದಲ್ಲಿ ಮೊದಲು ಕೈಬಿಡಲು ಹೇಳುವುದೂ ಇದನ್ನೇ. ನಾನು ಬಿಟ್ಟಿಲ್ಲ.

ದೋಷ ವರದಿಯ ರೀತಿಯನ್ನೂ ಬದಲಾಯಿಸಿದೆ. ಸ್ಕ್ರೀನ್‌ಶಾಟ್ ಒಂದೇ ಕಳಿಸಿದರೆ ಡೆವಲಪರ್‌ಗೆ ಎರಡು ಸುರೇಶ್ ಒಂದೇ ಥರ ಕಾಣುತ್ತಾರೆ, 'ನನ್ನ ಮೆಷಿನ್‌ನಲ್ಲಿ ಸರಿ ಇದೆ' ಎಂದು ವಾಪಸ್ ಬರುತ್ತದೆ. ಅವರಲ್ಲಿ ಅರ್ಧ ಜನಕ್ಕೆ ಕನ್ನಡ ಓದಲು ಬರುವುದಿಲ್ಲ, ಅದು ಅವರ ತಪ್ಪಲ್ಲ. ಈಗ ಪ್ರತಿ ವರದಿಯಲ್ಲೂ ಬಂದ ಪಠ್ಯ, ಬರಬೇಕಾದ ಪಠ್ಯ, ಎರಡರ ಕೋಡ್ ಪಾಯಿಂಟ್ ಸಾಲು, ಯಾವ ಕೀಬೋರ್ಡ್, ಯಾವ ಆಂಡ್ರಾಯ್ಡ್ ಆವೃತ್ತಿ ಇಷ್ಟನ್ನೂ ಹಾಕುತ್ತೇನೆ. ತಮಿಳುನಾಡಿನಿಂದ ಬಂದಿರುವ ಒಬ್ಬ ಡೆವಲಪರ್ ಈಗ ಕೋಡ್ ಪಾಯಿಂಟ್ ಸಾಲು ನೋಡಿಯೇ ಯಾವ ಕಡೆ ಜಾಯ್ನರ್ ಜಾಸ್ತಿಯಾಗಿದೆ ಎಂದು ಹೇಳುತ್ತಾರೆ. ಹೆಸರಿನ ಹಾಳೆಗೆ ಹೊಸ ಸಾಲುಗಳು ಸಂಘಗಳಿಂದಲೇ ಬರುತ್ತಿವೆ. ಯಾವ ಹೆಸರು ಕೈಕೊಟ್ಟರೂ ಕಾರ್ಯದರ್ಶಿಗಳು ಫೋಟೋ ತೆಗೆದು ಕಳಿಸುತ್ತಾರೆ, ಆ ಹೆಸರಿನಲ್ಲಿ ತೊಂದರೆ ಕೊಟ್ಟ ಅಕ್ಷರ ಯಾವುದು ಎಂದು ನೋಡಿ, ಅದೇ ಥರದ ಬೇರೆ ಹೆಸರು ಕಟ್ಟಿ ಹಾಳೆಗೆ ಸೇರಿಸುತ್ತೇನೆ. ನಿಜವಾದ ಸದಸ್ಯರ ಹೆಸರನ್ನು ಟೆಸ್ಟ್ ಡೇಟಾದಲ್ಲಿ ಇಡುವುದಿಲ್ಲ.