ರಾಡುಕಾನು ಏರಿದ ಲೆಕ್ಕ, ಇಳಿದ ಲೆಕ್ಕ: ಡಬ್ಲ್ಯುಟಿಎ ರ‍್ಯಾಂಕಿಂಗ್ ಪುಸ್ತಕವನ್ನು ನೀವೇ ಇಡುವ ಕ್ರಮ

2021ರ ಅಮೆರಿಕ ಓಪನ್ ಶುರುವಾಗುವಾಗ ಬ್ರಿಟನ್ನಿನ ಟೆನಿಸ್ ಆಟಗಾರ್ತಿ ಎಮ್ಮಾ ರಾಡುಕಾನು ಅವರ ಡಬ್ಲ್ಯುಟಿಎ (ಮಹಿಳಾ ಟೆನಿಸ್ ಸಂಸ್ಥೆ) ವಿಶ್ವ ರ‍್ಯಾಂಕಿಂಗ್ 150. ಪ್ರಶಸ್ತಿ ಗೆದ್ದ ಮೇಲೆ ಸೆಪ್ಟೆಂಬರ್ 13ರ ಸೋಮವಾರ ಹೊಸ ಪಟ್ಟಿ ಬಂದಾಗ 23. ಮರುವರ್ಷ ಅದೇ ಟೂರ್ನಿ ಮುಗಿದಾಗ 11ರಿಂದ 83ಕ್ಕೆ ಇಳಿದಿದ್ದರು. ಕ್ರೀಡಾಪುಟದಲ್ಲಿ ಇಷ್ಟನ್ನೇ ಓದಿದವರಿಗೆ ಮೊದಲನೆಯದು ಪವಾಡದಂತೆ, ಎರಡನೆಯದು ಪತನದಂತೆ ಕಾಣುತ್ತದೆ. ಲೆಕ್ಕ ಇಟ್ಟವರಿಗೆ ಎರಡೂ ಒಂದೇ ಸಾಲಿನಲ್ಲಿ ಸಿಗುತ್ತವೆ: 2040 ಪಾಯಿಂಟ್ ಬಂತು, 52 ವಾರ ಇತ್ತು, ಹೋಯಿತು.

ಈ ಲೆಕ್ಕಕ್ಕೆ ಬೇಕಾಗುವುದು ಒಂದು ಲಾಂಗ್ ಬುಕ್, ಪೆನ್ಸಿಲ್, ವಾರಕ್ಕೆ ಕಾಲು ಗಂಟೆ. ಮೊಬೈಲಿನಲ್ಲಿ ಲೈವ್ ರ‍್ಯಾಂಕಿಂಗ್ ಸಿಗುತ್ತದೆ ನಿಜ. ಆದರೆ ಅದು ಉತ್ತರ ಹೇಳುತ್ತದೆ, ದಾರಿ ತೋರಿಸುವುದಿಲ್ಲ. ಒಬ್ಬ ಆಟಗಾರ್ತಿಯನ್ನು ಒಂದು ವರ್ಷ ಕೈಬರಹದಲ್ಲಿ ಹಿಂಬಾಲಿಸಿದರೆ ಆಮೇಲೆ ಯಾವ ಪಟ್ಟಿಯನ್ನು ಕಂಡರೂ ಅರ್ಥವಾಗುತ್ತದೆ.

ಪಿಗ್ಮಿ ಪುಸ್ತಕ ಅಲ್ಲ

ಉಡುಪಿ ಕಡೆಯವರಿಗೆ ಪಿಗ್ಮಿ ಎಂದರೇನೆಂದು ಹೇಳಬೇಕಾಗಿಲ್ಲ. 1928ರಲ್ಲಿ ಇಲ್ಲೇ ಹುಟ್ಟಿದ ಉಳಿತಾಯದ ಪದ್ಧತಿ ಅದು. ದಿನಾ ಕಟ್ಟಿದ್ದು ಕೂಡುತ್ತಾ ಹೋಗುತ್ತದೆ. ಹೆಚ್ಚಿನವರು ರ‍್ಯಾಂಕಿಂಗ್ ಕೂಡ ಹಾಗೆಯೇ ಎಂದುಕೊಂಡು ಮೊದಲ ಹೆಜ್ಜೆಯಲ್ಲೇ ತಪ್ಪುತ್ತಾರೆ. ಇಲ್ಲಿ ಕಟ್ಟಿದ ಪ್ರತಿ ಕಂತಿಗೂ 52 ವಾರದ ಆಯುಸ್ಸು. ಅವಧಿ ಮುಗಿದ ಸೋಮವಾರ ಆ ಕಂತು ತಾನಾಗಿ ಕಳಚಿ ಬೀಳುತ್ತದೆ, ಆಟಗಾರ್ತಿ ಆಡಲಿ, ಗಾಯಗೊಂಡು ಮನೆಯಲ್ಲಿರಲಿ. 2023ರ ಮೇ ತಿಂಗಳಲ್ಲಿ ಎರಡೂ ಮಣಿಕಟ್ಟು ಮತ್ತು ಒಂದು ಪಾದದ ಗಂಟಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ರಾಡುಕಾನು, ವರ್ಷದ ಕೊನೆಗೆ 300ರ ಆಸುಪಾಸಿಗೆ ಬಂದದ್ದು ಸೋತಲ್ಲ, ಆಡದೆ.

ಹಾಗಾಗಿ ಪುಸ್ತಕದಲ್ಲಿ ಆರು ಕಾಲಂ ಎಳೆಯಿರಿ: ಸೋಮವಾರದ ದಿನಾಂಕ, ಟೂರ್ನಿ, ಅದರ ದರ್ಜೆ, ಎಷ್ಟನೇ ಸುತ್ತಿನವರೆಗೆ, ಬಂದ ಪಾಯಿಂಟ್, ಬೀಳುವ ದಿನ. ಕೊನೆಯದನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ಇಡೀ ಪುಸ್ತಕದ ಜೀವ ಆ ಕಾಲಂನಲ್ಲಿದೆ. ಪಾಯಿಂಟ್ ಬಂದ ದಿನವೇ ಅದು ಬೀಳುವ ದಿನವನ್ನೂ ಬರೆದುಬಿಡಿ, ಆಮೇಲೆ ಎಂದರೆ ಮರೆತೇ ಹೋಗುತ್ತದೆ.

ದರದ ಪಟ್ಟಿ

ಪುಸ್ತಕದ ಒಳ ರಟ್ಟಿನ ಮೇಲೆ ಇದನ್ನು ಬರೆದುಕೊಳ್ಳಿ. 2024ರಲ್ಲಿ ಜಾರಿಗೆ ಬಂದ ದರಗಳು. ಎಡದಿಂದ ಬಲಕ್ಕೆ ಚಾಂಪಿಯನ್, ಫೈನಲ್, ಸೆಮಿಫೈನಲ್, ಕ್ವಾರ್ಟರ್‌ಫೈನಲ್‌ನಲ್ಲಿ ಸೋತವರು:

ಗ್ರ್ಯಾನ್ ಸ್ಲಾಮ್ (ವರ್ಷದ ನಾಲ್ಕು ದೊಡ್ಡ ಟೂರ್ನಿ): 2000, 1300, 780, 430
ಡಬ್ಲ್ಯುಟಿಎ 1000: 1000, 650, 390, 215
ಡಬ್ಲ್ಯುಟಿಎ 500: 500, 325, 195, 108
ಡಬ್ಲ್ಯುಟಿಎ 250: 250, 163, 98, 54
ಡಬ್ಲ್ಯುಟಿಎ 125: 125, 81, 49, 27

ಗ್ರ್ಯಾನ್ ಸ್ಲಾಮ್‌ನಲ್ಲಿ ನಾಲ್ಕನೇ ಸುತ್ತಿಗೆ 240, ಮೂರನೆಯದಕ್ಕೆ 130, ಎರಡನೆಯದಕ್ಕೆ 70, ಮೊದಲ ಸುತ್ತಿನಲ್ಲೇ ಸೋತರೆ 10. ಮೂರು ಅರ್ಹತಾ ಸುತ್ತು ಗೆದ್ದು ಮುಖ್ಯ ಡ್ರಾಗೆ (ಪ್ರಧಾನ ಸುತ್ತಿನ ಪಂದ್ಯಪಟ್ಟಿಗೆ) ಬಂದವರಿಗೆ ಇದರ ಮೇಲೆ 40. ಡಬ್ಲ್ಯುಟಿಎ ಕೆಳಗೆ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಶನ್) ಟೂರ್ನಿಗಳು. ಅಲ್ಲಿ ಹೆಸರಲ್ಲೇ ದರ ಇದೆ, ಡಬ್ಲ್ಯು35 ಗೆದ್ದರೆ 35, ಡಬ್ಲ್ಯು100 ಗೆದ್ದರೆ 100.

ಈಗ ಮೊದಲು ಹೇಳಿದ ಲೆಕ್ಕ ಬಿಡಿಸಿ ನೋಡಿ. 2021ರಲ್ಲಿ ರಾಡುಕಾನು ಅರ್ಹತಾ ಸುತ್ತಿನಲ್ಲಿ ಮೂರು, ಮುಖ್ಯ ಡ್ರಾನಲ್ಲಿ ಏಳು ಪಂದ್ಯ ಗೆದ್ದರು, ಒಂದು ಸೆಟ್ಟೂ ಕೊಡದೆ. ಫೈನಲ್‌ನಲ್ಲಿ ಲೇಲಾ ಫರ್ನಾಂಡಿಸ್ ವಿರುದ್ಧ 6-4, 6-3. ಬಂದದ್ದು 2000 ಮತ್ತು 40. 2022ರಲ್ಲಿ ಮೊದಲ ಸುತ್ತಿನಲ್ಲೇ ಅಲೀಝ್ ಕಾರ್ನೆ ಅವರಿಗೆ ಸೋತಾಗ ಬಂದದ್ದು 10. ಅಂದರೆ ಆ ಸೋಮವಾರ ಪುಸ್ತಕದಲ್ಲಿ 2030 ಕಳೆಯಬೇಕು. ಆ ದಿನ ಅವರು ಕೆಟ್ಟ ಆಟಗಾರ್ತಿ ಆಗಿಬಿಟ್ಟರು ಎಂದೇನಲ್ಲ. ಉಳಿದ 51 ವಾರಗಳಲ್ಲಿ ಗಳಿಸಿದ್ದಕ್ಕೆ ತಕ್ಕ ಜಾಗ 83 ಆಗಿತ್ತು, ಒಂದು ದೊಡ್ಡ ಕಂತು ಅದನ್ನು ಮುಚ್ಚಿಟ್ಟಿತ್ತು. ಯಾರಾದರೂ ಇದ್ದಕ್ಕಿದ್ದಂತೆ ಮೇಲೆ ಬಂದಾಗ ಪುಸ್ತಕದಲ್ಲಿ ನೋಡಬೇಕಾದದ್ದು ಇದನ್ನೇ: ಒಟ್ಟು ಪಾಯಿಂಟ್‌ನಲ್ಲಿ ಒಂದೇ ಟೂರ್ನಿಯ ಪಾಲು ಎಷ್ಟು? ಅರ್ಧಕ್ಕಿಂತ ಹೆಚ್ಚಿದ್ದರೆ ಬೀಳುವ ದಿನದ ಸುತ್ತ ಒಂದು ವೃತ್ತ ಹಾಕಿಡಿ.

ಬ್ರಿಟನ್ನಿನವರೇ ಆದ ಜೊಹಾನಾ ಕೊಂಟಾ ಅವರ ಏರಿಕೆ ಇದಕ್ಕೆ ತದ್ವಿರುದ್ಧ. 2017ರ ಜನವರಿಯಲ್ಲಿ ಸಿಡ್ನಿ ಪ್ರಶಸ್ತಿ, ಏಪ್ರಿಲ್‌ನಲ್ಲಿ ಮಯಾಮಿ ಪ್ರಶಸ್ತಿ, ಜುಲೈಯಲ್ಲಿ ವಿಂಬಲ್ಡನ್ ಸೆಮಿಫೈನಲ್. ಹಲವು ಕಂತುಗಳು ಬೇರೆ ಬೇರೆ ತಿಂಗಳಲ್ಲಿ ಹರಡಿಕೊಂಡಿದ್ದವು. 2017ರ ಜುಲೈಯಲ್ಲಿ 4ನೇ ಸ್ಥಾನಕ್ಕೆ ಬಂದದ್ದು ಹಾಗೆ.

ಎಲ್ಲವನ್ನೂ ಕೂಡಿಸಬೇಡಿ

ಸಿಂಗಲ್ಸ್‌ನಲ್ಲಿ 2024ರಿಂದ ಒಟ್ಟು 18 ಟೂರ್ನಿಗಳ ಫಲಿತಾಂಶವಷ್ಟೇ ಲೆಕ್ಕಕ್ಕೆ. ಗ್ರ್ಯಾನ್ ಸ್ಲಾಮ್‌ಗಳು ಮತ್ತು ಕಡ್ಡಾಯದ 1000 ಟೂರ್ನಿಗಳಲ್ಲಿ ಹೆಚ್ಚಿನವು ಒಳ್ಳೆಯದಿರಲಿ ಕೆಟ್ಟದಿರಲಿ ಒಳಗೇ ಕೂರುತ್ತವೆ. ಉಳಿದ ಜಾಗಕ್ಕೆ ಅತ್ಯುತ್ತಮವಾದವು. ಪುಸ್ತಕ ಇಡುವವರು ಹೆಚ್ಚು ಎಡವುವುದು ಇಲ್ಲಿಯೇ, ಆದ್ದರಿಂದ ಒಂದು ಕಲ್ಪಿತ ಲೆಕ್ಕ ಮಾಡೋಣ.

ಒಬ್ಬರ ಒಟ್ಟು 1180. 18 ಜಾಗವೂ ಭರ್ತಿ, ಲೆಕ್ಕಕ್ಕೆ ಬಂದವುಗಳಲ್ಲಿ ಅತಿ ಚಿಕ್ಕದು 60. ಹೊರಗೆ ಕಾಯುತ್ತಿರುವುದು 54. ಕಳೆದ ವರ್ಷ ಇದೇ ವಾರ 500 ಟೂರ್ನಿಯೊಂದರ ಸೆಮಿಫೈನಲ್ ತಲುಪಿ ಗಳಿಸಿದ 195 ಈ ಸೋಮವಾರ ಬೀಳಲಿದೆ. ಈ ಸಲ ಕ್ವಾರ್ಟರ್‌ಫೈನಲ್‌ನಲ್ಲಿ ಸೋತರೆ 1180ರಲ್ಲಿ 195 ಕಳೆದು 108 ಕೂಡಿಸಿ: 1093. ಆಡಲೇ ಇಲ್ಲ ಅಂದುಕೊಳ್ಳಿ. ಆಗ 985 ಆಗುವುದಿಲ್ಲ. ಖಾಲಿಯಾದ ಜಾಗಕ್ಕೆ ಹೊರಗಿದ್ದ 54 ಒಳಬರುತ್ತದೆ: 1039. ಆಡಿ ಮೊದಲ ಸುತ್ತಿನಲ್ಲೇ ಸೋತರೆ ಸಿಗುವ 1 ಪಾಯಿಂಟ್‌ಗಿಂತ 54 ದೊಡ್ಡದು, ಆಗಲೂ 1039. ಹೊರಗೆ ಕಾಯುವ ಫಲಿತಾಂಶಗಳನ್ನು ಪುಸ್ತಕದ ಕೆಳಭಾಗದಲ್ಲಿ ಬೇರೆಯಾಗಿ, ದೊಡ್ಡದರಿಂದ ಚಿಕ್ಕದಕ್ಕೆ ಬರೆದಿಟ್ಟರೆ ಈ ಅದಲುಬದಲು ಕಣ್ಣಿಗೇ ಕಾಣುತ್ತದೆ.

ಇನ್ನೂ 18 ಟೂರ್ನಿ ಆಡದವರಿಗೆ ಈ ತಲೆನೋವಿಲ್ಲ, ಬಂದದ್ದೆಲ್ಲ ಲಾಭ. ಕೆಳಗಿನಿಂದ ಬರುವವರು ಬೇಗ ಏರುವುದಕ್ಕೆ ಇದೂ ಒಂದು ಕಾರಣ.

ಗೆದ್ದೂ ಕಳೆದುಕೊಳ್ಳುವುದು, ಸುಮ್ಮನಿದ್ದೂ ಏರುವುದು

ಬ್ರಿಟನ್ನಿನ ಕೇಟಿ ಬೌಲ್ಟರ್ 2024ರ ಮಾರ್ಚ್‌ನಲ್ಲಿ ಸ್ಯಾನ್ ಡಿಯೇಗೊದ 500 ಟೂರ್ನಿ ಗೆದ್ದು 49ರಿಂದ 27ಕ್ಕೆ ಜಿಗಿದರು. ಅದೇ ಜೂನ್‌ನಲ್ಲಿ ನಾಟಿಂಗ್‌ಹ್ಯಾಮ್ ಪ್ರಶಸ್ತಿಯನ್ನು ಉಳಿಸಿಕೊಂಡರು. ಆದರೆ 2023ರಲ್ಲಿ 250 ದರ್ಜೆಯ ಚಾಂಪಿಯನ್‌ಗೆ 280 ಪಾಯಿಂಟ್ ಇತ್ತು, 2024ರಲ್ಲಿ 250. ಕಪ್ ಎತ್ತಿದ ವಾರವೂ ಆ ಸಾಲಿನಲ್ಲಿ 30 ಕಡಿಮೆ. ಹಳೆಯ ಫಲಿತಾಂಶಕ್ಕೆ ಹಳೆಯ ದರವನ್ನೇ ಬರೆಯಬೇಕು ಎನ್ನುವುದು ಇದಕ್ಕೇ.

ಇನ್ನೊಂದು 2022ರ ವಿಂಬಲ್ಡನ್. ರಷ್ಯಾ ಮತ್ತು ಬೆಲಾರೂಸ್ ಆಟಗಾರರನ್ನು ಆಯೋಜಕರು ಹೊರಗಿಟ್ಟ ಕಾರಣ ಆ ವರ್ಷ ಯಾರಿಗೂ ಪಾಯಿಂಟ್ ಕೊಡಲಿಲ್ಲ. ಚಾಂಪಿಯನ್ ಎಲೆನಾ ರೈಬಾಕಿನಾ ಅವರಿಗೂ ಸೊನ್ನೆ. 2021ರ ಪಾಯಿಂಟ್ ಮಾತ್ರ ಎಂದಿನಂತೆ ಬಿದ್ದವು. ರಾಡುಕಾನು ಅವರ 240 ಹೋಯಿತು, ಬದಲಿಗೆ ಏನೂ ಬರಲಿಲ್ಲ. ಆದರೂ ಜುಲೈ 11ರಂದು 10ನೇ ಸ್ಥಾನಕ್ಕೆ ಏರಿದರು, ಏಕೆಂದರೆ ಮೇಲಿದ್ದವರಿಗೆ ಇನ್ನೂ ಹೆಚ್ಚು ಬಿದ್ದಿತ್ತು. ಆದ್ದರಿಂದ ನಿಮ್ಮ ಆಟಗಾರ್ತಿಯ ಜೊತೆಗೆ ಅವರಿಗಿಂತ ಮೇಲಿನ ಮೂವರು, ಕೆಳಗಿನ ಮೂವರ ಒಟ್ಟು ಪಾಯಿಂಟ್ ಮತ್ತು ಆ ವಾರ ಬೀಳುವುದೆಷ್ಟು ಎಂದು ಪಕ್ಕದ ಪುಟದಲ್ಲಿ ಗುರುತು ಹಾಕಿ. ಏಳು ಜನ ಸಾಕು. ಹತ್ತಾದರೆ ಎರಡು ತಿಂಗಳಲ್ಲಿ ಪುಸ್ತಕ ಮೂಲೆ ಸೇರುತ್ತದೆ.

ಅಭ್ಯಾಸಕ್ಕೆ 2020ರ ಹಳೆಯ ಪಟ್ಟಿಗಳನ್ನು ತೆಗೆದುಕೊಳ್ಳಬೇಡಿ. ಕೊರೋನಾ ಕಾಲದಲ್ಲಿ ಮಾರ್ಚ್‌ನಿಂದ ಆಗಸ್ಟ್‌ವರೆಗೆ ರ‍್ಯಾಂಕಿಂಗ್ ನಿಲ್ಲಿಸಲಾಗಿತ್ತು, 52 ವಾರದ ಲೆಕ್ಕ ಕೂಡಿಬರುವುದಿಲ್ಲ.

ಯಾವ ಸಂಖ್ಯೆ ದಾಟಿದರೆ ಏನು

23, 27 ಎನ್ನುವ ಸಂಖ್ಯೆಗಳಿಗಿಂತ ಮೂರು ಗೆರೆಗಳು ಮುಖ್ಯ. ಮೊದಲನೆಯದು 104: ಗ್ರ್ಯಾನ್ ಸ್ಲಾಮ್‌ನ 128 ಜಾಗಗಳಲ್ಲಿ 104 ನೇರ ಪ್ರವೇಶ, 16 ಅರ್ಹತಾ ಸುತ್ತಿನವರಿಗೆ, 8 ವೈಲ್ಡ್ ಕಾರ್ಡ್ (ಆಯೋಜಕರ ಆಹ್ವಾನ). ನೇರ ಪ್ರವೇಶಕ್ಕೆ ನೋಡುವುದು ಟೂರ್ನಿಗೆ ಸುಮಾರು ಆರು ವಾರ ಮೊದಲಿನ ಪಟ್ಟಿ. ಅಂದರೆ ವಿಂಬಲ್ಡನ್‌ಗೆ ಮೇ ತಿಂಗಳ ಪಟ್ಟಿ. ಜೂನ್‌ನಲ್ಲಿ ಏರಿದವರಿಗೆ ಅದು ಒದಗುವುದಿಲ್ಲ. ಎರಡನೆಯ ಗೆರೆ 32: ಟೂರ್ನಿಯಲ್ಲಿ ಶ್ರೇಯಾಂಕ (ಸೀಡ್) ಸಿಕ್ಕವರಿಗೆ ಮೂರನೇ ಸುತ್ತಿನವರೆಗೆ ಇನ್ನೊಬ್ಬ ಶ್ರೇಯಾಂಕಿತೆ ಎದುರಾಗುವುದಿಲ್ಲ. 2025ರಲ್ಲಿ ರಾಡುಕಾನು ಮತ್ತೆ ಮೊದಲ 30ರೊಳಗೆ ಬಂದದ್ದರ ನಿಜವಾದ ಬೆಲೆ ಇದು. ಮೂರನೆಯದು 8, ವರ್ಷಾಂತ್ಯದ ಫೈನಲ್ಸ್‌ಗೆ. ಅದಕ್ಕೆ ಜನವರಿಯಿಂದ ಎಣಿಸುವ ರೇಸ್ ಪಟ್ಟಿ ಬೇರೆಯೇ ಉಂಟು, ಎರಡನ್ನೂ ಬೆರೆಸಬಾರದು.

ನಮ್ಮೂರಿನ ಗಡಿಯಾರಕ್ಕೆ

ವಿಂಬಲ್ಡನ್‌ನ ಹೊರಗಿನ ಕೋರ್ಟುಗಳಲ್ಲಿ ಆಟ ಶುರುವಾಗುವುದು ನಮ್ಮ ಮಧ್ಯಾಹ್ನ 3.30ಕ್ಕೆ, ಸೆಂಟರ್ ಕೋರ್ಟ್‌ನಲ್ಲಿ ಸಂಜೆ 6ಕ್ಕೆ. ತುಳುನಾಡಿನ ಆಟಿ ತಿಂಗಳು ಹಿಡಿಯುವ ಮೊದಲೇ ಅದು ಮುಗಿಯುತ್ತದೆ. ಗಾಳಿಮಳೆಗೆ ಕರೆಂಟು ಹೋಗುವ ದಿನಗಳವು. ಪಂದ್ಯ ತಪ್ಪಿದರೂ ಮರುದಿನದ ಪತ್ರಿಕೆಯ ಫಲಿತಾಂಶ ಲೆಕ್ಕಕ್ಕೆ ಸಾಕು. ಅಮೆರಿಕ ಓಪನ್ ರಾತ್ರಿ 8.30ಕ್ಕೆ ಶುರು, ಅಲ್ಲಿನ ರಾತ್ರಿ ಪಂದ್ಯಗಳು ನಮಗೆ ಬೆಳಗಿನ ಜಾವ 4.30ಕ್ಕೆ. ದಿನಾಂಕವನ್ನು ನಮ್ಮ ಕ್ಯಾಲೆಂಡರ್ ಪ್ರಕಾರ ಬರೆದರೆ ಒಂದು ದಿನ ಮುಂದೆ ಹೋಗುತ್ತದೆ. ಸೋಮವಾರದ ದಿನಾಂಕವನ್ನೇ ಬರೆಯಿರಿ ಎಂದದ್ದು ಈ ಗೊಂದಲ ಬೇಡವೆಂದು.

ಕಣ್ಣಾರೆ ನೋಡಬೇಕಿದ್ದರೆ ಚೆನ್ನೈ ಓಪನ್ 250 ದರ್ಜೆಯದು, 2022 ಮತ್ತು 2025ರಲ್ಲಿ ನಡೆದಿದೆ. ಮುಂಬೈಯಲ್ಲಿ 125 ದರ್ಜೆಯದು ನಡೆದಿದೆ. ಮಂಗಳೂರಿನಿಂದ ಎರಡೂ ಕಡೆಗೆ ನೇರ ರೈಲಿದೆ. ಮಗಳು ಟೆನಿಸ್ ಕಲಿಯುತ್ತಿದ್ದರೆ ಐಟಿಎಫ್ ಟೂರ್ನಿಯನ್ನೇ ಮೊದಲು ತೋರಿಸಿ, ಬೆಂಗಳೂರಿನಲ್ಲೂ ಅವು ನಡೆದಿವೆ. ರಾಡುಕಾನು 2019ರ ಡಿಸೆಂಬರ್‌ನಲ್ಲಿ ಪುಣೆಯಲ್ಲಿ ಅಂಥದ್ದೇ ಒಂದು 25 ಸಾವಿರ ಡಾಲರ್ ಟೂರ್ನಿ ಗೆದ್ದಿದ್ದರು. ಅಮೆರಿಕ ಓಪನ್ ನಡೆಯುವ ನ್ಯೂಯಾರ್ಕ್ ಅಲ್ಲಿಂದ ಎರಡು ವರ್ಷವೂ ದೂರವಿರಲಿಲ್ಲ.

ಒಟ್ಟು ತಾಳೆಯಾಗದಿದ್ದರೆ

ಸೋಮವಾರದ ಅಧಿಕೃತ ಪಟ್ಟಿಗೂ ನಿಮ್ಮ ಪುಸ್ತಕಕ್ಕೂ ವ್ಯತ್ಯಾಸ ಬಂದರೆ ವ್ಯತ್ಯಾಸದ ಅಂಕಿಯನ್ನೇ ಮೊದಲು ನೋಡಿ, ತಪ್ಪು ಎಲ್ಲಿದೆಯೆಂದು ಅದೇ ಹೇಳುತ್ತದೆ. 30 ಅಥವಾ 40 ಹೆಚ್ಚುಕಡಿಮೆಯಾದರೆ ಅರ್ಹತಾ ಸುತ್ತಿನ ಪಾಯಿಂಟ್ ಬಿಟ್ಟಿರುತ್ತೀರಿ. 1000 ಟೂರ್ನಿಯಲ್ಲಿ 25 ಜಾಸ್ತಿ ಬಂದರೆ ಬೈ (ಮೊದಲ ಸುತ್ತು ಆಡದೆ ನೇರ ಎರಡನೇ ಸುತ್ತು) ಪಡೆದು ಮೊದಲ ಪಂದ್ಯದಲ್ಲೇ ಸೋತವರಿಗೆ ಎರಡನೇ ಸುತ್ತಿನ 35 ಬರೆದಿದ್ದೀರಿ. ಅವರಿಗೆ ಸಿಗುವುದು ಮೊದಲ ಸುತ್ತಿನ 10 ಮಾತ್ರ. ದೊಡ್ಡ ವ್ಯತ್ಯಾಸವಿದ್ದರೆ ಅದು ಎರಡು ವಾರದ ಟೂರ್ನಿಯ ನಡುವಿನ ಸೋಮವಾರವೇ ಎಂದು ನೋಡಿ. ಆ ದಿನ ಹೊಸ ಪಟ್ಟಿ ಬರುವುದಿಲ್ಲ, ಬರುವವೂ ಬೀಳುವವೂ ಮುಂದಿನ ಸೋಮವಾರ ಒಟ್ಟಿಗೆ.