ಆರು ಎಕರೆ ಎರಿ ಹೊಲ, ಮೂರು ಥರದ ಉಳುಮೆ

2021ರ ಬೇಸಿಗೆಯಲ್ಲಿ ಬದುವಿನ ಪಕ್ಕ ಒಣಗಿ ನಿಂತಿದ್ದ ತೊಗರಿ ಗಿಡವೊಂದನ್ನು ಕಿತ್ತೆ. ಒಲೆಗೆ ಕಟ್ಟಿಗೆ ಬೇಕಿತ್ತು, ಅಷ್ಟೇ. ತೊಗರಿಯ ತಾಯಿಬೇರು ನೆಟ್ಟಗೆ ಕೆಳಗಿಳಿಯುವ ಜಾತಿ, ಹಾರೆ ಹಾಕದೆ ಬರುವುದಿಲ್ಲ. ಇದು ಎರಡು ಎಳೆತಕ್ಕೇ ಬಂತು. ತಿರುಗಿಸಿ ನೋಡಿದರೆ ಬೇರು ಅರ್ಧ ಗೇಣು ಇಳಿದು, ಅಲ್ಲಿಂದ ಮೊಣಕೈ ಮಡಚಿದ ಹಾಗೆ ಅಡ್ಡ ತಿರುಗಿತ್ತು. ಇನ್ನೆರಡು ಗಿಡ ಕಿತ್ತೆ. ಅವೂ ಹಾಗೇ.

ಮನೆಗೆ ಹೋಗಿ ಹಳೆ ಕೊಡೆಯ ಕಬ್ಬಿಣದ ಸಳಿ ತಂದು ಹೊಲದಲ್ಲಿ ಅಲ್ಲಲ್ಲಿ ಚುಚ್ಚಿದೆ. ನಾಲ್ಕೈದು ಇಂಚು ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು. ಆಮೇಲೆ ಬಾಗಿತು. ಬದುವಿನ ಮೇಲೆ, ಯಾರೂ ಯಾವತ್ತೂ ಉಳದ ಜಾಗದಲ್ಲಿ ಚುಚ್ಚಿದರೆ ಒಂದೇ ಬಿಗಿಯಲ್ಲಿ ಮೊಳದ ತನಕ ಹೋಯಿತು. ಹೊಲಕ್ಕಿಂತ ಬದುವಿನ ಮಣ್ಣೇ ಮೆತ್ತಗಿದೆ ಅಂದರೆ ತಪ್ಪು ನನ್ನದೇ ಅಂತ ಅವತ್ತು ಗೊತ್ತಾಯಿತು.

ನಮ್ಮದು ಕೊಪ್ಪಳ ಜಿಲ್ಲೆಯ ಕುಕನೂರು ಕಡೆ. ಎರಿ ಭೂಮಿ, ಅಂದರೆ ಕಪ್ಪು ಮಣ್ಣು, ನೀರಾವರಿ ಇಲ್ಲ. ಮಿರಗದ ಮಳೆ ಆದರೆ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಇಲ್ಲವೇ ಬಿಳಿಜೋಳ. ಅಪ್ಪನ ಕಾಲದಲ್ಲಿ ಎತ್ತಿನ ಗಳೆ ಇತ್ತು. ವರ್ಷಾವರ್ಷ ಕುಂಟೆಯಿಂದ ಹರಗುವುದು, ಅಂದರೆ ಅಗಲ ಅಲಗಿನಿಂದ ಮೇಲ್ಮಣ್ಣನ್ನಷ್ಟೇ ಸಡಿಲಿಸುವುದು, ಕರಿಕೆ ಹುಲ್ಲು ವಿಪರೀತವಾದ ವರ್ಷ ಮಾತ್ರ ಆಳಕ್ಕೆ ಉಳುವ ರಂಟೆ ಹೊಡೆಸುವುದು. ಎತ್ತು ಮಾರಿದ ಮೇಲೆ ಎಲ್ಲ ಬಾಡಿಗೆ ಟ್ರ್ಯಾಕ್ಟರ್. ಬೇಸಿಗೆಯಲ್ಲಿ ಮಣ್ಣು ಮಗುಚುವ ಪಲ್ಟಿ ನೇಗಿಲು, ಮಳೆ ಬಿದ್ದ ಮೇಲೆ ಮಣ್ಣು ಪುಡಿ ಮಾಡುವ ರೋಟರ್ (ರೋಟವೇಟರ್), ಹೆಸರು ಕಿತ್ತ ಮೇಲೆ ಮತ್ತೆ ರೋಟರ್. ರೋಟರ್ ಹೊಡೆದ ಹೊಲ ನೋಡಲು ಬಲು ಚೆಂದ. ಜರಡಿ ಹಿಡಿದ ರವೆ ಥರ ಇರುತ್ತದೆ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ಆ ಚೆಂದಕ್ಕೆ ನಾನು ಎಂಟೊಂಬತ್ತು ವರ್ಷ ದುಡ್ಡು ಕೊಟ್ಟೆ.

ರೋಟರಿನ ಅಲಗು ಪ್ರತಿ ಸಲ ಅದೇ ನಾಲ್ಕೈದು ಇಂಚಿನ ಆಳದಲ್ಲಿ ತಿರುಗುತ್ತದೆ. ಮೇಲಿನ ಮಣ್ಣು ಹಿಟ್ಟಾಗುತ್ತದೆ, ಅದರ ಕೆಳಗಿನದು ಅಲಗಿನ ಏಟಿಗೆ, ಟ್ರ್ಯಾಕ್ಟರಿನ ಭಾರಕ್ಕೆ ಗಟ್ಟಿ ಹಲಗೆಯಾಗುತ್ತದೆ. ಮಣ್ಣು ಇನ್ನೂ ಹಸಿ ಇದ್ದಾಗ ಹೊಡೆದರಂತೂ ಸಿಮೆಂಟ್ ಹಾಸಿದ ಹಾಗೆ. ನಾನು ಹಸಿಯಲ್ಲಿ ಹೊಡೆಸಿದ್ದೂ ಉಂಟು. ಟ್ರ್ಯಾಕ್ಟರಿನವನ ಪಾಳಿ ಸಿಕ್ಕಿದ್ದೇ ಅವತ್ತು, ಬಿಟ್ಟರೆ ಎಂಟು ದಿನ ಇಲ್ಲ ಅಂದ.

ಆ ವರ್ಷ ಆರು ಎಕರೆಯನ್ನು ಎರಡೆರಡು ಎಕರೆಯ ಮೂರು ಪಟ್ಟಿ ಮಾಡಿದೆ. ಇಳಿಜಾರಿನ ಕೆಳಗಿನ ಪಟ್ಟಿಗೆ ಮೊದಲಿನಂತೆ ಪಲ್ಟಿ ಮತ್ತು ರೋಟರ್. ಮೇಲಿನ ಪಟ್ಟಿಗೆ ಅಪ್ಪನ ಪದ್ಧತಿ: ಬರೀ ಹರಗುವುದು, ಎರಡು ಮೂರು ಇಂಚಿಗಿಂತ ಕೆಳಗೆ ಕೈ ಹಾಕುವುದಿಲ್ಲ. ನಡುವಿನದಕ್ಕೆ ಏನೂ ಇಲ್ಲ, ನೇರ ಬಿತ್ತನೆ. ಕೆಳಗಿನ ಪಟ್ಟಿಯಲ್ಲಿ ಮೊದಲಿಂದಲೂ ಮಳೆನೀರು ತಂದ ಗೋಡುಮಣ್ಣು ಬಂದು ಕೂತು ಮಣ್ಣು ಆಳವಾಗಿದೆ, ಅದು ಹೊಲದಲ್ಲೇ ಒಳ್ಳೆಯ ಜಾಗ. ಅದನ್ನೇ ರೋಟರಿಗೆ ಬಿಟ್ಟೆ, ನಾಳೆ ಯಾರೂ ನಾನು ಮೋಸ ಮಾಡಿದೆ ಅನ್ನಬಾರದು ಅಂತ. ವಿಜ್ಞಾನಿಗಳು ಮಾಡುವ ಪ್ರಯೋಗ ಅಲ್ಲ ಇದು. ರೈತ ಕಣ್ಣಳತೆಯಲ್ಲಿ ಮಾಡಿದ್ದು.

ಬಾಜು ಹೊಲದ ಕಾಕಾ ಬದುವಿನ ಮೇಲೆ ಕೂತು ನಡುವಿನ ಪಟ್ಟಿ ನೋಡಿದರು.

"ಏನಲೇ ತಮ್ಮಾ, ಇದನ್ಯಾಕ ಹಂಗ ಬಿಟ್ಟಿ? ರೊಕ್ಕ ತೀರ್ತೇನು?"

"ಉಳಲಾರ್ದ ಬಿತ್ತಿ ನೋಡ್ತೀನ್ರಿ ಕಾಕಾ."

"ಉಳಲಾರ್ದ ಬೆಳಿತೈತಂದ್ರ ನಮ್ಮಪ್ಪ ಎತ್ತು ಯಾಕ ಕಟ್ಟಿದ್ದ?"

ಮೊದಲ ವರ್ಷ ಕಾಕಾನ ಮಾತೇ ಗೆದ್ದಿತು. ಆಗಸ್ಟ್ ಕೊನೆಗೆ ಹೆಸರು ಬಿಡಿಸಿದ ಮೇಲೆ ಗಿಡದ ಬುಡ, ಕಸ ಎಲ್ಲ ನಡುವಿನ ಪಟ್ಟಿಯಲ್ಲಿ ಹಾಗೇ ನಿಂತಿದ್ದವು. ಅಕ್ಟೋಬರಿನಲ್ಲಿ ಕಡಲೆ ಬಿತ್ತಲು ಕೂರಿಗೆ ಹಾಕಿದರೆ ಹಲ್ಲಿಗೆಲ್ಲ ಕಸ ಸುತ್ತಿಕೊಂಡು, ಹತ್ತು ಮಾರು ಹೋಗುವಷ್ಟರಲ್ಲಿ ಕೂರಿಗೆ ಬಾಚಣಿಗೆಯಂತೆ ಎಳೆಯತೊಡಗಿತು. ಸಾಲು ತೆರೆದುಕೊಂಡೇ ಉಳಿಯಿತು. ಅರ್ಧ ಬೀಜ ಮೇಲೆಯೇ ಬಿತ್ತು, ಹಕ್ಕಿಗಳಿಗೆ ಹಬ್ಬ. ಹುಟ್ಟಿದ್ದು ಬೋಳುಬೋಳು. ಅದರ ಮೇಲೆ ನವೆಂಬರಿನ ಅಕಾಲಿಕ ಮಳೆ ಬೇರೆ, ಕಳೆ ಕಡಲೆಗಿಂತ ಎತ್ತರ ಬೆಳೆಯಿತು. ಕಡಲೆಯ ಎಳೆ ಗಿಡದ ನಡುವೆ ಕಳೆನಾಶಕ ಹೊಡೆಯುವ ಹಾಗಿಲ್ಲ, ಆಳು ಹಚ್ಚಿ ಕೀಳಿಸಿದೆ. ಉಳುಮೆಯಲ್ಲಿ ಉಳಿಸಿದ ರೊಕ್ಕ ಆಳಿನ ಕೂಲಿಗೆ ಹೋಯಿತು. ರೋಟರ್ ಪಟ್ಟಿ, ಹರಗಿದ ಪಟ್ಟಿ ಎರಡೂ ಎಕರೆಗೆ ಐದು ಕ್ವಿಂಟಾಲ್ ಆಸುಪಾಸು ಕೊಟ್ಟವು. ನಡುವಿನದು ಮೂರೂವರೆ. ಮನೆಯಲ್ಲಿ ಹೆಂಡತಿ ಏನೂ ಅನ್ನಲಿಲ್ಲ. ಅದು ಇನ್ನೂ ಕಷ್ಟ.

ಬಿಟ್ಟುಬಿಡಬೇಕು ಅಂತಲೇ ಇದ್ದೆ. ಆದರೆ ಬೇಸಿಗೆಯಲ್ಲಿ ಸಳಿ ಚುಚ್ಚಿ ನೋಡಿದಾಗ ನಡುವಿನ ಪಟ್ಟಿಯಲ್ಲಿ ಅದು ಆ ಗಟ್ಟಿ ಪದರವನ್ನು ದಾಟಿ ಅಲ್ಲಲ್ಲಿ ಕೆಳಗೆ ಹೋಗುತ್ತಿತ್ತು. ಎರಿ ಮಣ್ಣಿನ ಗುಣ ಅದು. ಹಸಿಯಾದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಹೀಗೆ ಉಬ್ಬಿ ಕುಗ್ಗಿ ತನ್ನ ಗಟ್ಟಿ ಪದರವನ್ನು ತಾನೇ ಒಡೆದುಕೊಳ್ಳುತ್ತದೆ. ಮಸಾರಿ ಹೊಲಕ್ಕೆ ಈ ಭಾಗ್ಯ ಇಲ್ಲ, ಅಲ್ಲಿ ಗಟ್ಟಿಯಾದದ್ದನ್ನು ನಾವೇ ಒಡೆಯಬೇಕು. ಹಾಗಾಗಿ ನಾನು ಇಲ್ಲಿ ಬರೆದದ್ದನ್ನು ಕುಷ್ಟಗಿ ಕಡೆಯ ಕೆಂಪು ಹೊಲದವರು ಹಾಗೇ ತಂದುಕೊಳ್ಳಬೇಡಿ.

ಎರಡನೇ ವರ್ಷ ಕಮ್ಮಾರನ ಹತ್ತಿರ ಕೂರಿಗೆಯ ಹಲ್ಲುಗಳಿಗೆ ಸಪೂರ ಮೊನೆ ಮಾಡಿಸಿದೆ. ಮಣ್ಣನ್ನು ಅಗಲಕ್ಕೆ ಕೆದರದೆ ಸೀಳಿಕೊಂಡು ಹೋಗಬೇಕು, ಬೀಜ ಮೂರು ಇಂಚು ಕೆಳಗೆ ಹಸಿಗೆ ಮುಟ್ಟಬೇಕು. ಹಿಂದೆ ಒಂದು ಭಾರದ ಸರಪಳಿ ಕಟ್ಟಿದೆ, ಸಾಲು ಮುಚ್ಚಲಿ ಅಂತ. ಹೆಸರಿನ ಗಿಡವನ್ನು ಬುಡಕ್ಕೆ ಕೊಯ್ದು ಅಲ್ಲೇ ಹರಡಿದೆ. 2022ರಲ್ಲಿ ಮಳೆ ಜಾಸ್ತಿ. ಕೆಳಗಿನ ಪಟ್ಟಿಯಲ್ಲಿ ನೀರು ಮೂರು ದಿನ ನಿಂತಿತು, ಗಟ್ಟಿ ಪದರದ ಮೇಲೆ ನಿಂತ ನೀರು ಎಲ್ಲಿಗೆ ಹೋಗಬೇಕು? ಕಡಲೆಗೆ ಬುಡದಲ್ಲಿ ಗಾಳಿ ಆಡಬೇಕು, ಅದಕ್ಕೇ ಹಿರಿಯರು ಕಡಲೆ ಹೊಲದಲ್ಲಿ ಹೆಂಟೆ ಇರಲಿ ಅನ್ನುತ್ತಿದ್ದದ್ದು. ಹಿಟ್ಟಿನಂಥ ಮಣ್ಣು ಜೋಳಕ್ಕೆ ನಡೆದೀತು, ಕಡಲೆಗೆ ಒಗ್ಗದು. ರೋಟರ್ ಪಟ್ಟಿಯಲ್ಲಿ ಗಿಡಗಳು ಹಳದಿ ತಿರುಗಿ, ಸಿಡಿ ರೋಗ (ಸೊರಗು ರೋಗ) ಹತ್ತಿ ತಟ್ಟೆತಟ್ಟೆಯಾಗಿ ಒಣಗಿದವು. ಅಲ್ಲಿ ಎಕರೆಗೆ ನಾಲ್ಕು ಕ್ವಿಂಟಾಲೂ ತುಂಬಲಿಲ್ಲ. ನಡುವಿನದು ಐದು ಮುಟ್ಟಿತು. ಕಾಕಾ ಈ ಸಲ ನಡುವಿನ ಪಟ್ಟಿಯೊಳಗೆ ಇಳಿದು ನಡೆದಾಡಿ ಬಂದರು. ಮಾತಾಡಲಿಲ್ಲ.

ಆ ಮಳೆಗಾಲದಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿದೆ, ಯಾರು ಬೇಕಾದರೂ ಮಾಡಬಹುದು. ನಾಲ್ಕು ಗಾಜಿನ ಲೋಟದಲ್ಲಿ ಮಳೆನೀರು ತುಂಬಿ, ಮೂರು ಪಟ್ಟಿಯಿಂದ ಮತ್ತು ಬದುವಿನಿಂದ ಅಡಿಕೆ ಗಾತ್ರದ ಒಣ ಹೆಂಟೆ ಒಂದೊಂದು ಮೆಲ್ಲಗೆ ಬಿಟ್ಟೆ. ಅಲುಗಾಡಿಸಲಿಲ್ಲ. ಎರಿ ಹೆಂಟೆ ನೀರಿಗೆ ಬಿದ್ದರೆ ಒಡೆಯುವುದು ಸಹಜ, ಸುಣ್ಣ ಅರಳಿದಂತೆ ಅರಳಿ ಬೀಳುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ನೋಡಬೇಕಾದ್ದು ನೀರನ್ನು. ಬದುವಿನ ಹೆಂಟೆ ಬಿದ್ದ ಲೋಟದಲ್ಲಿ ಮಣ್ಣು ಸಣ್ಣ ಸಣ್ಣ ಕಾಳಾಗಿ ತಳಕ್ಕೆ ಕೂತು ಮೇಲಿನ ನೀರು ತಿಳಿಯಾಗಿಯೇ ಇತ್ತು. ರೋಟರ್ ಪಟ್ಟಿಯದ್ದು ಹಾಲು ಕಮ್ಮಿ ಹಾಕಿದ ಚಹಾದಂತಾಯಿತು, ಮರುದಿನ ಬೆಳಗ್ಗೆಯೂ ತಿಳಿಯಾಗಿರಲಿಲ್ಲ. ಉಳಿದೆರಡು ನಡುವೆ. ಹೊಲದ ಮೇಲೆ ಮಳೆಹನಿ ಬಿದ್ದಾಗ ಆಗುವುದೂ ಇದೇ. ಕಾಳಾಗಿ ಉಳಿದ ಮಣ್ಣಿನ ಸಂದಿಯಲ್ಲಿ ನೀರು ಇಳಿಯುತ್ತದೆ. ಕರಗಿದ ಮಣ್ಣು ಸಂದಿಗಳನ್ನೆಲ್ಲ ಮುಚ್ಚಿ ಮೇಲೊಂದು ಹಪ್ಪಳ ಕಟ್ಟುತ್ತದೆ, ನೀರು ಹರಿದು ಹಳ್ಳ ಸೇರುತ್ತದೆ. ಕಾಳುಗಳನ್ನು ಹಿಡಿದಿಡುವುದು ಬೇರಿನ ಅಂಟು, ಬೂಸ್ಟಿನ ಎಳೆ, ಕೊಳೆತ ಕಸ. ಮಣ್ಣನ್ನು ಹಿಟ್ಟು ಮಾಡಿದಷ್ಟೂ ಅದಕ್ಕೆ ಗಾಳಿ ಬಿಸಿಲು ತಾಗಿ, ಆ ಕಸ ಬೇಗ ಉರಿದುಹೋಗುತ್ತದೆ.

2023 ಬರಗಾಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರವೇ ಘೋಷಿಸಿದ ವರ್ಷ. ಜೂನ್ ಒಣ ಹೋಯಿತು, ಹೆಸರು ಬಿತ್ತಲೇ ಇಲ್ಲ. ಜುಲೈಯಲ್ಲಿ ಒಂದಿಷ್ಟು ಮಳೆ, ಆಗಸ್ಟ್ ಪೂರ್ತಿ ಬಿಸಿಲು. ಈ ಒಂದು ವರ್ಷ ನನಗೆ ಉಳಿದ ಎರಡೂ ವರ್ಷಕ್ಕಿಂತ ಹೆಚ್ಚು ಕಲಿಸಿತು. ಉಳದೆ ಬಿಟ್ಟ ನಡುವಿನ ಪಟ್ಟಿಯೇ ಹಸಿ ಹಿಡಿದಿಟ್ಟುಕೊಳ್ಳುತ್ತದೆ ಅಂತ ಎದೆ ಉಬ್ಬಿಸಿ ಕೂತಿದ್ದೆ. ಹಾಗಾಗಲಿಲ್ಲ. ಜುಲೈ ಮಳೆಗೆ ಹುಟ್ಟಿದ ಕಸ, ನಾನು ಬಿತ್ತುವ ಮೊದಲು ಕಳೆನಾಶಕ ಹೊಡೆಯಲು ಹದಿನೈದು ದಿನ ತಡ ಮಾಡಿದ್ದರಿಂದ, ಇದ್ದ ಹಸಿಯನ್ನೆಲ್ಲ ಕುಡಿದಿತ್ತು. ಹೇಗೋ ಬಿತ್ತಿದೆ, ಹೇಗೋ ಹುಟ್ಟಿತು. ನವೆಂಬರ್ ಕೊನೆಗೆ ಆ ಪಟ್ಟಿ ಬಿರಿಯಿತು. ಒಂದು ಬಿರುಕಿನಲ್ಲಿ ಅಂಗೈ ಇಳಿಬಿಟ್ಟೆ, ಮಣಿಕಟ್ಟಿನ ತನಕ ಹೋಯಿತು, ಕೆಳಗೆ ಬೆರಳಿಗೆ ತಂಪು ತಾಗುತ್ತಿತ್ತು. ಆ ತಂಪು ಅಂದರೆ ಬೆಳೆಗೆ ಸಿಗಬೇಕಾದ ಹಸಿ, ಬಿರುಕಿನ ಗೋಡೆಯಿಂದ ಗಾಳಿಗೆ ಹಾರಿಹೋಗುತ್ತಿದೆ.

ಮೇಲಿನ ಪಟ್ಟಿಯಲ್ಲಿ ಬಿರುಕೇ ಇರಲಿಲ್ಲ ಅನ್ನಬೇಕು. ಅಲ್ಲಿ ಜೂನಿನಲ್ಲೇ ಚೌಕು ಮಡಿ, ಅಂದರೆ ಮಳೆನೀರು ನಿಲ್ಲಲು ಸಣ್ಣ ಏರಿಯ ಚೌಕಗಳನ್ನು ಕಟ್ಟಿಸಿದ್ದೆ, ಜುಲೈ ಮಳೆ ಅಲ್ಲೇ ಇಂಗಿತು. ಆಮೇಲೆ ಮಡಿ ಒಡೆದು ಎರಡು ಸಲ ತೆಳ್ಳಗೆ ಹರಗಿದ್ದೆ. ಬಿತ್ತಿದ ಮೇಲೆ ಪರಿಚಯದವರ ಎತ್ತು ತಂದು ಬೆಳೆಯ ಸಾಲುಗಳ ನಡುವೆ ಎರಡು ಸಲ ಎಡೆ ಹೊಡೆಸಿದೆ. ಎಡೆಕುಂಟೆ ಮೇಲಿನ ಎರಡು ಇಂಚನ್ನು ಸಡಿಲಿಸಿ ಬಿರುಕಿನ ಬಾಯಿಗೆ ಮಣ್ಣು ತುಂಬಿಸುತ್ತದೆ. ಆ ಒಣ ಮಣ್ಣೇ ಕಂಬಳಿ ಹೊದಿಸಿದಂತೆ ಕೆಳಗಿನ ಹಸಿಯನ್ನು ಕಾಯುತ್ತದೆ. ಅಪ್ಪ ಅಕ್ಟೋಬರಿನ ಚಿತ್ತಿ ಮಳೆ ಆಗದ ವರ್ಷ ಮೂರು ಸಲ ಎಡೆ ಹೊಡೆಸುತ್ತಿದ್ದ, ಕಸ ಇಲ್ಲದಿದ್ದರೂ. ನಾನು ಅದನ್ನು ದಂಡದ ಕೆಲಸ ಅಂದುಕೊಂಡಿದ್ದೆ. ಆ ವರ್ಷ ಮೇಲಿನ ಪಟ್ಟಿ ಎಕರೆಗೆ ಎರಡೂವರೆ ಕ್ವಿಂಟಾಲ್, ನಡುವಿನದು ಎರಡಕ್ಕೆ ಸ್ವಲ್ಪ ಕಮ್ಮಿ, ರೋಟರಿನದು ಒಂದೂವರೆ. ಊರಲ್ಲಿ ಬೀಜದಷ್ಟೂ ಬಾರದವರಿದ್ದರು.

ಬಳ್ಳಾರಿಯ ಹಗರಿ ಮತ್ತು ರಾಯಚೂರಿನಲ್ಲಿ ಒಣಬೇಸಾಯದ ಸಂಶೋಧನೆ ಶುರುವಾದದ್ದು 1930ರ ದಶಕದಲ್ಲಿ. ದೇಶದಲ್ಲೇ ಐದು ಕಡೆ ಇಂಥ ಕೇಂದ್ರ ಆದಾಗ ಎರಡು ನಮ್ಮ ಕಡೆಯವು, ಇನ್ನೊಂದು ವಿಜಯಪುರ. ಬದು ಹಾಕು, ತಿಪ್ಪೆಗೊಬ್ಬರ ಹಾಕು, ಬೀಜ ಕಮ್ಮಿ ಮಾಡಿ ಸಾಲು ಅಗಲ ಬಿಡು, ಆಳದ ಉಳುಮೆ ಮೂರು ವರ್ಷಕ್ಕೊಮ್ಮೆ ಸಾಕು ಅನ್ನುವುದು ಆ ಕಾಲದ ಸಲಹೆ. ಮೂರು ವರ್ಷಕ್ಕೊಮ್ಮೆ! ನಾವು ವರ್ಷಕ್ಕೊಮ್ಮೆ ಪಲ್ಟಿ, ಎರಡು ಸಲ ರೋಟರ್ ಹೊಡೆಸಿ ಇದೇ ಆಧುನಿಕ ಅಂತ ತಿಳಿದಿದ್ದೆವು.

ಪಲ್ಟಿಯನ್ನು ಪೂರಾ ಬೈಯಲಾರೆ. ಕರಿಕೆ, ಜೇಕು ಹಬ್ಬಿದ ಜಾಗಕ್ಕೆ ಅದು ಒಳ್ಳೆಯ ಮದ್ದು. ಬೇಸಿಗೆಯಲ್ಲಿ ದೊಡ್ಡ ಹೆಂಟೆ ಎಬ್ಬಿಸಿ ಬಿಸಿಲಿಗೆ ಬಿಟ್ಟರೆ ಬೇರುಗಡ್ಡೆ ಒಣಗುತ್ತವೆ, ಮಣ್ಣಲ್ಲಿ ಅಡಗಿದ ಕಾಯಿಕೊರಕದ ಕೋಶಗಳನ್ನು ಬೆಳ್ಳಕ್ಕಿ ಹೆಕ್ಕುತ್ತವೆ. ನಡುವಿನ ಪಟ್ಟಿಯ ಮೂಲೆಯಲ್ಲಿ ಮೂರು ವರ್ಷಕ್ಕೆ ಕರಿಕೆ ಕಂಬಳಿ ಹಾಸಿತ್ತು, ಇಲಿ ಬಿಲ ಬೇರೆ. ಆದರೆ ಎಬ್ಬಿಸಿದ ಹೆಂಟೆಯನ್ನು ರೋಟರಿನಿಂದ ಪುಡಿ ಮಾಡಬೇಡಿ. ಮೊದಲ ಎರಡು ಮಳೆಗೆ ಅದು ತಾನಾಗಿ ಅರಳುತ್ತದೆ, ಪುಕ್ಕಟೆ.

ಬೆಳೆಯ ಕಸ ಹೊಲದಲ್ಲೇ ಬಿಡಿ ಅನ್ನುವ ಸಲಹೆಯ ಬಗ್ಗೆಯೂ ಒಂದು ಮಾತು. ಜೋಳದ ಕಣಿಕೆ ನಮ್ಮಲ್ಲಿ ಎಮ್ಮೆಯ ಊಟ, ಕಡಲೆ ಹೊಟ್ಟೂ ಅಷ್ಟೇ. ಅದನ್ನು ಮಣ್ಣಿಗೆ ಬಿಡು ಅನ್ನುವವರ ಮನೆಯಲ್ಲಿ ಎಮ್ಮೆ ಇರುವುದಿಲ್ಲ. ನಾನು ಜೋಳ ಕೊಯ್ಯುವಾಗ ಕೂಳೆಯನ್ನು ಒಂದು ಗೇಣು ಎತ್ತರ ಬಿಡಿಸುತ್ತೇನೆ, ಬೇಸಿಗೆಯಲ್ಲಿ ಕುರಿ ನಿಲ್ಲಿಸುತ್ತೇನೆ. ಹಿಕ್ಕೆ ಹೊಲಕ್ಕೆ ಬೀಳುತ್ತದೆ. ಮಣ್ಣು ಹಸಿ ಇದ್ದಾಗ ಮಾತ್ರ ಕುರಿ ಬೇಡ, ಗೊರಸಿಗೆ ಮಣ್ಣು ಬಿಗಿಯುತ್ತದೆ.

ಮಣ್ಣು ಪರೀಕ್ಷೆಯನ್ನೂ ಮಾಡಿಸಿದೆ, ಮೊದಲು ಮತ್ತು 2024ರಲ್ಲಿ. ಸಾವಯವ ಇಂಗಾಲ ಮೂರೂ ಪಟ್ಟಿಯಲ್ಲಿ ಶೇ 0.5ರ ಕೆಳಗೇ, ಅಂದರೆ 'ಕಡಿಮೆ'. ಪಟ್ಟಿಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ನಮ್ಮ ಬಿಸಿಲಲ್ಲಿ ಮೂರು ವರ್ಷಕ್ಕೆ ಇಂಗಾಲ ಏರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬದಲಾದದ್ದು ನೀರು ಇಳಿಯುವ ರೀತಿ, ಅದನ್ನು ಸಳಿ ಮತ್ತು ಲೋಟ ಹೇಳುತ್ತವೆ, ಕಾಗದ ಹೇಳುವುದಿಲ್ಲ.

2024ರಿಂದ ಪಟ್ಟಿಗಳಿಲ್ಲ. ಆರೂ ಎಕರೆಗೆ ರೋಟರ್ ಬಂದ್. ಟ್ರ್ಯಾಕ್ಟರಿಗೆ ಕಟ್ಟುವ ಅಗಲ ಅಲಗಿನ ಕುಂಟೆ ಮಾಡಿಸಿದ್ದೇನೆ, ಮಣ್ಣು ಹಿಡಿದು ಉಂಡೆ ಮಾಡಿ ಎತ್ತರದಿಂದ ಬಿಟ್ಟಾಗ ಒಡೆದರೆ ಮಾತ್ರ ಹರಗಿಸುವುದು, ಅಂಟಿಕೊಂಡೇ ಉಳಿದರೆ ಟ್ರ್ಯಾಕ್ಟರ್ ವಾಪಸ್. ಮುಂಗಾರಿಗೆ ಚೌಕು ಮಡಿ. ಹೆಸರು ಬಂದ ವರ್ಷ ಕಡಲೆ ನೇರ ಬಿತ್ತನೆ, ಬಾರದ ವರ್ಷ ಹರಗಿ ಬಿತ್ತನೆ. ಎಡೆ ಎರಡು ಸಲ, ತಪ್ಪಿಸುವುದಿಲ್ಲ. ಪಲ್ಟಿ ಕರಿಕೆ ಇರುವ ಮೂಲೆಗಷ್ಟೇ.

ಕಳೆದ ಬೇಸಿಗೆ ಕಾಕಾ ಸಂಜೆ ಮನೆಗೆ ಬಂದರು. ಚಹಾ ಕುಡಿದರು, ಮಗಳ ಮದುವೆ ಮಾತು, ಹೆಸರಿನ ರೇಟು, ಎಲ್ಲ ಆಯಿತು. ಎದ್ದು ಚಪ್ಪಲಿ ಮೆಟ್ಟುವಾಗ ಕೇಳಿದರು:

"ಆ ಕುಂಟಿ ಎರಡ ದಿನ ಕೊಡ್ತಿಯೇನೋ?"

ಕೊಟ್ಟೆ. ವಾಪಸ್ ಬರುವಾಗ ಅಲಗಿನ ಒಂದು ಬೋಲ್ಟ್ ಇರಲಿಲ್ಲ. ಇನ್ನೂ ಹಾಕಿಸಿಲ್ಲ.